ಗಾಲ್ಫ್ ಸ್ವಿಂಗ್ ತಿದ್ದುವ ಸಾಮಾನುಗಳು: ಎರಡು ವರ್ಷ ಬಳಸಿದ ಮೇಲೆ

ಮೊದಲು ಎರಡು ಅಲೈನ್‌ಮೆಂಟ್ ಸ್ಟಿಕ್, ಅಂದರೆ ದಿಕ್ಕು ನೋಡುವ ಕಡ್ಡಿ, ಕೊಳ್ಳಿ. ಉಳಿದದ್ದನ್ನೆಲ್ಲ ಆಮೇಲೆ ನೋಡಿದರಾಯಿತು. ಈ ಮಾತನ್ನು ಎರಡು ವರ್ಷದ ಹಿಂದೆ ಯಾರಾದರೂ ನನಗೆ ಹೇಳಿದ್ದರೆ ಎಂಟೊಂಬತ್ತು ಸಾವಿರ ರೂಪಾಯಿ ಉಳಿಯುತ್ತಿತ್ತು, ಅದಕ್ಕೇ ಇದನ್ನು ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ನಾನಿರುವುದು ಬಂಗಾರಪೇಟೆಯಲ್ಲಿ. ಗಾಲ್ಫ್ ರುಚಿ ಹತ್ತಿಸಿದವರು ನನ್ನ ಸೋದರಮಾವ. ಅವರು ಹುಡುಗನಾಗಿದ್ದಾಗ ಕೆಜಿಎಫ್‌ನಲ್ಲಿ ಗಣಿ ಅಧಿಕಾರಿಗಳ ಗಾಲ್ಫ್ ಬ್ಯಾಗ್ ಹೊರುತ್ತಿದ್ದರು, ಆಮೇಲೆ ಗಣಿಯಲ್ಲೇ ಕೆಲಸಕ್ಕೆ ಸೇರಿ 2001ರಲ್ಲಿ ಅದು ಮುಚ್ಚುವವರೆಗೂ ಅಲ್ಲೇ ಇದ್ದರು. ಗ್ರಿಪ್ ಹಿಡಿಯುವುದನ್ನು ಕಲಿಸಿದ್ದು ಅವರೇ. ಆದರೆ ನನ್ನ ಸ್ಲೈಸ್, ಅಂದರೆ ಚೆಂಡು ಬಲಕ್ಕೆ ಬಾಗಿ ಹೋಗುವ ಚಾಳಿ, ಮಾತ್ರ ಹೋಗಲಿಲ್ಲ. ನಾನು ಬಲಗೈಯವನು. ಡ್ರೈವರ್, ಅಂದರೆ ಅತಿ ದೂರ ಹೊಡೆಯುವ ಕ್ಲಬ್, ಎತ್ತಿದರೆ ಚೆಂಡು ಸ್ವಲ್ಪ ಎಡಕ್ಕೆ ಹೊರಟು, ಅರ್ಧ ದಾರಿಯಲ್ಲಿ ಕುಡುಗೋಲಿನ ಹಾಗೆ ಬಾಗಿ ಬಲಗಡೆ ಬೇಲಿ ದಾಟುತ್ತಿತ್ತು. ಕೋಚ್ ಹತ್ತಿರ ಹೋಗಬೇಕೆಂದರೆ ಬೆಂಗಳೂರಿಗೇ ಹೋಗಬೇಕು, ಅದು ತಿಂಗಳಿಗೆ ಒಂದು ಸಲ ಆದರೆ ಹೆಚ್ಚು. ಹಾಗಾಗಿ ಆನ್‌ಲೈನ್‌ನಲ್ಲಿ ಒಂದೊಂದೇ ಸಾಮಾನು ತರಿಸಲು ಶುರು ಮಾಡಿದೆ.

ಮೊದಲು ತರಿಸಿದ್ದು ನಡುವೆ ಕೀಲು ಇರುವ ಕ್ಲಬ್. ಸ್ವಿಂಗ್‌ನಲ್ಲಿ, ಅಂದರೆ ಕ್ಲಬ್ ಬೀಸುವಾಗ, ಎಲ್ಲಾದರೂ ತಪ್ಪಿದರೆ ಕೀಲು ಮಡಚಿಕೊಳ್ಳುತ್ತದೆ. 4,200 ರೂಪಾಯಿ ಕೊಟ್ಟೆ. ಮೊದಲ ವಾರ ತುಂಬಾ ಖುಷಿಯಾಯಿತು, ಯಾಕೆಂದರೆ ಮೂರೇ ದಿನದಲ್ಲಿ ಮಡಚದೆ ಬೀಸಲು ಬಂತು. ಆದರೆ ಅದನ್ನು ಕೆಳಗಿಟ್ಟು ನನ್ನ 7 ಐರನ್ (ಮಧ್ಯಮ ದೂರಕ್ಕೆ ಹೊಡೆಯುವ ಕ್ಲಬ್) ತಗೊಂಡರೆ ಕೈ ಹಳೆಯ ದಾರಿಗೇ ವಾಪಸ್. ಕೀಲು ಮಡಚದ ಹಾಗೆ ಮೆಲ್ಲಗೆ ಬೀಸುವುದನ್ನು ಕಲಿತಿದ್ದೆ, ಅಷ್ಟೇ. ಚೆಂಡಿಗೆ ಕ್ಲಬ್‌ನ ಮುಖ ಹೇಗೆ ತಾಗುತ್ತಿದೆ ಅನ್ನುವುದು ಅದರಿಂದ ಒಂದಿಷ್ಟೂ ತಿಳಿಯಲಿಲ್ಲ. ಮೂರನೇ ತಿಂಗಳಿಗೆ ಕೀಲಿನ ಹತ್ತಿರವೇ ಮುರಿಯಿತು, ಮಾರಿದವರು ನನ್ನ ನಾಲ್ಕು ಮೆಸೇಜಿಗೂ ಉತ್ತರ ಕೊಡಲಿಲ್ಲ. ಇಂಥದ್ದು ಬೇಕೇ ಬೇಕು ಅನ್ನುವವರು ವಾರಂಟಿ ಕಾಗದ ಕೈಗೆ ಬರದೆ ದುಡ್ಡು ಕೊಡಬೇಡಿ.

ಮೊಣಕೈಗೆ ಕಟ್ಟುವ ಪ್ಲಾಸ್ಟಿಕ್ ಪಟ್ಟಿ 1,450 ರೂಪಾಯಿ. ಎಡಗೈ ಮಡಚದಂತೆ ಹಿಡಿಯುತ್ತದೆ. ಏಪ್ರಿಲ್ ತಿಂಗಳ ನಮ್ಮೂರ ಸೆಖೆಗೆ ಹತ್ತು ನಿಮಿಷದಲ್ಲಿ ಚರ್ಮ ಉರಿಯುತ್ತದೆ. ಬಿಚ್ಚಿದ ತಕ್ಷಣ ಕೈ ಮೊದಲಿನ ಹಾಗೇ ಮಡಚುತ್ತದೆ. ಬೇಡ.

ಇಲ್ಲಿ ಒಂದು ವಿಷಯ ಹೇಳಬೇಕು, ಇದು ಗೊತ್ತಿಲ್ಲದೆಯೇ ನಾನು ಅಷ್ಟು ದುಡ್ಡು ಸುರಿದದ್ದು. ಚೆಂಡು ಯಾವ ಕಡೆಗೆ ಹೊರಡುತ್ತದೆ ಅನ್ನುವುದನ್ನು ಬಹುಪಾಲು ತೀರ್ಮಾನಿಸುವುದು ತಾಗುವ ಕ್ಷಣದಲ್ಲಿ ಕ್ಲಬ್‌ನ ಮುಖ ಯಾವ ಕಡೆ ನೋಡುತ್ತಿದೆ ಅನ್ನುವುದು. ಆಮೇಲೆ ಅದು ಗಾಳಿಯಲ್ಲಿ ಬಾಗುವುದು, ಮುಖ ನೋಡುವ ದಿಕ್ಕಿಗೂ ಕ್ಲಬ್ ಸಾಗುವ ದಾರಿಗೂ ಇರುವ ವ್ಯತ್ಯಾಸದಿಂದ. ನನ್ನದು ಹೊರಗಿನಿಂದ ಒಳಕ್ಕೆ, ಅಂದರೆ ಚೆಂಡಿನ ಆಚೆಯಿಂದ ಮೈಯ ಕಡೆಗೆ, ಕೊಯ್ಯುವ ದಾರಿ, ಆ ದಾರಿಗೆ ಹೋಲಿಸಿದರೆ ಮುಖ ಬಲಕ್ಕೆ ತೆರೆದಿರುತ್ತಿತ್ತು. ಅದಕ್ಕೇ ಎಡಕ್ಕೆ ಹೊರಟು ಬಲಕ್ಕೆ ಬಾಗುವುದು. 200 ಗಜದ ಹೊಡೆತದಲ್ಲಿ ಚೆಂಡು ಒಂದು ಡಿಗ್ರಿ ಆಚೀಚೆ ಹೊರಟರೆ ಬೀಳುವಾಗ ಮೂರೂವರೆ ಗಜ ತಪ್ಪಿರುತ್ತದೆ. ಐದು ಡಿಗ್ರಿ ಅಂದರೆ ಸುಮಾರು ಹದಿನೇಳು ಗಜ, ಅಂದರೆ ಎಷ್ಟೋ ಕಡೆ ಫೇರ್‌ವೇಯಿಂದ, ಹುಲ್ಲು ಕತ್ತರಿಸಿದ ಆಟದ ಪಟ್ಟಿಯಿಂದ, ಹೊರಗೆ. ಹಾಗಾದರೆ ಕೊಳ್ಳುವ ಸಾಮಾನು ಈ ಎರಡರಲ್ಲಿ ಒಂದನ್ನಾದರೂ ಕಣ್ಣಿಗೆ ತೋರಿಸಬೇಕು ಅಲ್ವಾ? ಮುಖ ಹೇಗಿತ್ತು, ದಾರಿ ಹೇಗಿತ್ತು. ಕೈಯನ್ನು ಬಿಗಿದು ಹಿಡಿಯುವ ಸಾಮಾನು ಎರಡನ್ನೂ ತೋರಿಸುವುದಿಲ್ಲ.

ಇದನ್ನು ತೋರಿಸುವುದು ಅಲೈನ್‌ಮೆಂಟ್ ಸ್ಟಿಕ್. ಫೈಬರ್‌ಗ್ಲಾಸ್ ಕಡ್ಡಿ, ನಾಲ್ಕು ಅಡಿ ಉದ್ದ, ಎರಡಕ್ಕೆ ನಾನು ಕೊಟ್ಟಿದ್ದು 899 ರೂಪಾಯಿ. ಒಂದನ್ನು ಚೆಂಡಿನ ಆಚೆ ಬದಿಗೆ ಗುರಿಯ ಕಡೆ ಮುಖ ಮಾಡಿ ಇಡಬೇಕು, ಇನ್ನೊಂದನ್ನು ಕಾಲ್ಬೆರಳ ಮುಂದೆ ಅದಕ್ಕೆ ಸಮಾನಾಂತರವಾಗಿ, ನಮ್ಮ ಸ್ಟೇಷನ್ನಿನ ಹಳಿಗಳ ಹಾಗೆ. ಮೊದಲ ದಿನ ನಾನು ಎಂದಿನಂತೆ ನಿಂತು, ಆಮೇಲೆ ಕಾಲ್ಬೆರಳಿಗೆ ಕಡ್ಡಿ ತಾಗಿಸಿ ಹಿಂದೆ ಹೋಗಿ ನೋಡಿದೆ. ನಾನು ನೇರ ನಿಂತಿದ್ದೇನೆ ಅಂದುಕೊಂಡಿದ್ದೆ, ಕಡ್ಡಿ ನೋಡುತ್ತಿದ್ದದ್ದು ಗುರಿಯ ಬಲಗಡೆಯ ಹುಣಸೆಮರವನ್ನು! ಅಷ್ಟು ಬಲಕ್ಕೆ ನಿಂತವನು ಚೆಂಡನ್ನು ಗುರಿಗೆ ತರಬೇಕೆಂದರೆ ಕೈಯನ್ನು ಎಡಕ್ಕೆ ಎಳೆಯಲೇಬೇಕು. ವರ್ಷಗಟ್ಟಲೆ ನಾನು ಮಾಡಿದ್ದು ಅದನ್ನೇ. ಸ್ವಿಂಗ್ ತಪ್ಪು ಅಂತ ಸ್ವಿಂಗನ್ನೇ ತಿದ್ದುತ್ತಾ ಕೂತಿದ್ದೆ, ತಪ್ಪು ನಿಲ್ಲುವುದರಲ್ಲೇ ಶುರುವಾಗಿತ್ತು.

ನಾನು ಅಭ್ಯಾಸ ಮಾಡುವುದು ಪರಿಚಯದ ರೈತರೊಬ್ಬರ ಖಾಲಿ ಹೊಲದಲ್ಲಿ, ಟೊಮೆಟೊ ಮುಗಿದ ಮೇಲೆ. ಒಂದು ದಿನ ಅವರು ನನ್ನ ಕಡ್ಡಿಗಳನ್ನು ಕೈಯಲ್ಲಿ ಹಿಡಿದು ನೋಡಿ, "ಏನ್ ಸಾರ್, ಇದಕ್ಕೆ ಒಂಬೈನೂರು ಕೊಟ್ರಾ? ನಮ್ ಟೊಮೆಟೊ ಕಡ್ಡಿ ಅಷ್ಟು ಬಿದ್ದಿದಾವೆ, ತಗೊಂಡೋಗಿ" ಅಂದರು. ಬಳಸಿ ನೋಡಿದೆ. ನೆಲದ ಮೇಲೆ ಮಲಗಿಸಿ ದಿಕ್ಕು ನೋಡುವುದಕ್ಕೆ ಖಂಡಿತ ಆಗುತ್ತದೆ, ನೇರವಾಗಿರುವ ಎರಡನ್ನು ಆರಿಸಿಕೊಂಡರೆ ಸಾಕು. ಆದರೆ ನೆಲಕ್ಕೆ ಓರೆಯಾಗಿ ನೆಟ್ಟು ಸ್ವಿಂಗ್‌ನ ದಾರಿ ನೋಡುವುದಕ್ಕೆ ಬೇಡ. ಕ್ಲಬ್ ತಾಗಿದರೆ ಮರದ ಕಡ್ಡಿ ಮುರಿದು ಚೂರು ಮುಖಕ್ಕೆ ಹಾರುತ್ತದೆ. ಫೈಬರ್‌ಗ್ಲಾಸ್ ಬಾಗುತ್ತದೆ. ಅದನ್ನೂ ಬರೀ ನೆಡಬೇಡಿ. ಹೊಲದಲ್ಲಿ ಬಿಸಾಡಿದ 16 ಎಂಎಂ ಡ್ರಿಪ್ ಪೈಪಿನ ತುಂಡು ಎಲ್ಲ ಕಡೆ ಸಿಗುತ್ತದೆ, ಅದನ್ನು ಕಡ್ಡಿಗೆ ತೊಡಿಸಿದರೆ ಕ್ಲಬ್ಬಿಗೂ ಪೆಟ್ಟಿಲ್ಲ, ಕೈಗೂ ಇಲ್ಲ. ಹಳೆಯದಾದ ಫೈಬರ್‌ಗ್ಲಾಸ್ ಕಡ್ಡಿಯ ಸಣ್ಣ ಎಳೆಗಳು ಬೆರಳಿಗೆ ಚುಚ್ಚಿಕೊಂಡರೆ ತೆಗೆಯುವುದು ಬಹಳ ಕಷ್ಟ, ಅದಕ್ಕೂ ಈ ಪೈಪೇ ಮದ್ದು.

ದಾರಿ ತಿದ್ದುವುದಕ್ಕೆ ಇನ್ನೊಂದು, ಇದಕ್ಕೆ ದುಡ್ಡೇ ಬೇಡ. ಖಾಲಿ ನೀರಿನ ಬಾಟಲಿಯನ್ನು ಚೆಂಡಿನ ಆಚೆ ಬದಿಗೆ, ಒಂದಿಷ್ಟು ಹಿಂದಕ್ಕೆ ಮಲಗಿಸಿ. ಹೊರಗಿನಿಂದ ಕೊಯ್ದರೆ ಕ್ಲಬ್ ಮೊದಲು ಬಾಟಲಿಗೆ ಬಡಿಯುತ್ತದೆ. ಮೊದಲ ದಿನ ಇಪ್ಪತ್ತು ಹೊಡೆತದಲ್ಲಿ ಹದಿನಾಲ್ಕು ಸಲ ಬಾಟಲಿ ಹಾರಿತು. ಒಂದೂವರೆ ತಿಂಗಳಲ್ಲಿ ಮೂರು ನಾಲ್ಕಕ್ಕೆ ಇಳಿಯಿತು. ಯಾರೂ ಏನೂ ಹೇಳಬೇಕಾಗಿಲ್ಲ, ಸದ್ದೇ ಹೇಳುತ್ತದೆ.

ಎರಡನೇ ನೆಚ್ಚಿನ ಸಾಮಾನು ವೈಟ್‌ಬೋರ್ಡ್ ಮಾರ್ಕರ್. ಮಗಳ ಟ್ಯೂಷನ್ ಪೆನ್ನು, 25 ರೂಪಾಯಿ. ಚೆಂಡಿನ ಮೇಲೆ ಒಂದು ದೊಡ್ಡ ಚುಕ್ಕೆ ಇಟ್ಟು, ಆ ಚುಕ್ಕೆ ಕ್ಲಬ್ಬಿಗೆ ತಾಗುವ ಕಡೆ ಬರುವಂತೆ ಟೀ ಅನ್ನುವ ಸಣ್ಣ ಗೂಟದ ಮೇಲಿಟ್ಟು ಹೊಡೆಯಿರಿ. ಮುಖದ ಮೇಲೆ ಎಲ್ಲಿ ತಾಗಿತೋ ಅಲ್ಲಿ ಗುರುತು ಬೀಳುತ್ತದೆ. ಬಟ್ಟೆಯಲ್ಲಿ ಒರೆಸಿದರೆ ಹೋಗುತ್ತದೆ. ಅಂಟಿಸುವ ಇಂಪ್ಯಾಕ್ಟ್ ಟೇಪ್ ಅಂತ ಮಾರುತ್ತಾರೆ, ಅದೂ ಇದೇ ಕೆಲಸ ಮಾಡುತ್ತದೆ, ಆದರೆ ಬೇಗ ಖರ್ಚಾಗುತ್ತದೆ. ಇದರಿಂದ ನನಗೆ ತಿಳಿದದ್ದು ತುಂಬಾ ದೊಡ್ಡದು: ಡ್ರೈವರ್‌ನಲ್ಲಿ ನನ್ನ ಗುರುತೆಲ್ಲ ನಡುವೆ ಬೀಳದೆ ಹೀಲ್ ಕಡೆ, ಅಂದರೆ ಕೋಲು ತಲೆಗೆ ಸೇರುವ ಕಡೆ ಬೀಳುತ್ತಿತ್ತು. ಡ್ರೈವರ್‌ನಲ್ಲಿ ಹೀಲ್ ಕಡೆ ತಾಗಿದರೆ ಚೆಂಡು ಬಲಕ್ಕೆ ಬಾಗುವ ಸುತ್ತು ಪಡೆಯುತ್ತದೆ, ತುದಿ ಕಡೆ ತಾಗಿದರೆ ಎಡಕ್ಕೆ. ಐರನ್‌ನಲ್ಲಿ ಈ ಪರಿಣಾಮ ತೀರಾ ಕಡಿಮೆ. ನನ್ನ 7 ಐರನ್ ಸುಧಾರಿಸಿದ ಮೇಲೂ ಡ್ರೈವರ್ ಯಾಕೆ ಬಲಕ್ಕೆ ಓಡುತ್ತಿತ್ತು ಅನ್ನುವುದಕ್ಕೆ ಅರ್ಧ ಉತ್ತರ ಇಲ್ಲಿತ್ತು. ಚೆಂಡಿನಿಂದ ಮೊದಲಿಗಿಂತ ಅರ್ಧ ಇಂಚು ದೂರ ನಿಂತೆ, ಅಷ್ಟೇ.

ತುದಿಯಲ್ಲಿ ಭಾರದ ಉಂಡೆ, ನಡುವೆ ಬಳುಕುವ ಕೋಲು ಇರುವ ಸಾಮಾನು ಗೊತ್ತಲ್ಲ, ಆರೆಂಜ್ ವಿಪ್ ಅದರಲ್ಲಿ ಹೆಸರುವಾಸಿ. ಅಮೆರಿಕದಲ್ಲೇ ಅದರ ಬೆಲೆ ನೂರು ಡಾಲರ್ ದಾಟುತ್ತದೆ, ಹಾಗಾಗಿ ನಾನು ಅದೇ ತರಹದ ಇನ್ನೊಂದನ್ನು 3,100ಕ್ಕೆ ತಗೊಂಡೆ. ಲಯಕ್ಕೆ ಒಳ್ಳೆಯದು, ಬೆಳಿಗ್ಗೆ ಮೈ ಬೆಚ್ಚಗಾಗೋಕೆ ಅದಕ್ಕಿಂತ ಒಳ್ಳೆಯದು, ನನ್ನ ಸೊಂಟದ ಹಿಡಿತ ಕಡಿಮೆಯಾದದ್ದು ಅದರಿಂದಲೇ. ಆದರೆ ಚೆಂಡು ನೇರ ಹೋಗಲಿ ಅಂತ ಮಾತ್ರ ಕೊಳ್ಳುವುದಾದರೆ ಬೇಡ.

ಚೆಂಡಿನ ಬದಲು ಕ್ಲಬ್‌ನಿಂದ ಹೊಡೆದು ಅಭ್ಯಾಸ ಮಾಡುವ ಚೀಲ, ಇಂಪ್ಯಾಕ್ಟ್ ಬ್ಯಾಗ್, ಕೊಳ್ಳುವ ಅಗತ್ಯವೇ ಇಲ್ಲ. ಗೋಣಿಚೀಲಕ್ಕೆ ಹಳೆಯ ಬಟ್ಟೆ ಗಿಡಿದು ಬಾಯಿ ಹೊಲಿದರೆ ಆಯಿತು. ಮರಳು ಮಾತ್ರ ತುಂಬಬೇಡಿ, ಮಣಿಕಟ್ಟು ಹೋಗುತ್ತದೆ. ಮನೆಯಲ್ಲಿ ನೆಟ್ ಕಟ್ಟುವವರು ಕ್ರಿಕೆಟ್ ನೆಟ್ ತರುವ ಮುಂಚೆ ಅದರ ಕಣ್ಣು ಅಳೆಯಿರಿ. ಗಾಲ್ಫ್ ಚೆಂಡಿನ ಅಡ್ಡಳತೆ 43 ಎಂಎಂಗಿಂತ ಸ್ವಲ್ಪ ಕಡಿಮೆ, ಕಣ್ಣು ಅದಕ್ಕಿಂತ ದೊಡ್ಡದಿದ್ದರೆ ಚೆಂಡು ಸೀದಾ ಪಕ್ಕದ ಮನೆಗೆ. ನರ್ಸರಿಯ ಶೇಡ್ ನೆಟ್ಟಿನಲ್ಲಿ ನಾನು ಕಟ್ಟಿದ್ದು ಎರಡು ವಾರಕ್ಕೆ ಹರಿಯಿತು.

ಇವೆಲ್ಲ ಅಭ್ಯಾಸಕ್ಕೆ ಮಾತ್ರ ಅನ್ನುವುದು ನೆನಪಿರಲಿ. ಆಟದ ಸುತ್ತು ಶುರುವಾದ ಮೇಲೆ ಕಡ್ಡಿ ಹಿಡಿದು ಅಭ್ಯಾಸದ ಬೀಸು ಬೀಸುವುದು ನಿಯಮಕ್ಕೆ ವಿರುದ್ಧ, ದಂಡ ಬೀಳುತ್ತದೆ. ನೆಲದ ಮೇಲಿಟ್ಟು ಕಾಲು ಸರಿ ಮಾಡಿಕೊಳ್ಳುವುದೂ ಅಷ್ಟೇ. ಮಾವ ತಮ್ಮ ಕಾಲದಲ್ಲಿ ಆಡುವವರ ಹಿಂದೆಯೇ ನಿಂತು "ಇನ್ನೂ ಎಡಕ್ಕೆ ಸಾರ್" ಅನ್ನುತ್ತಿದ್ದರಂತೆ. 2019ರ ನಿಯಮದ ಪ್ರಕಾರ ಆಟಗಾರ ನಿಲ್ಲಲು ಶುರು ಮಾಡಿದ ಮೇಲೆ ಕ್ಯಾಡಿ, ಅಂದರೆ ಬ್ಯಾಗ್ ಹೊರುವವನು, ಹಾಗೆ ಹಿಂದೆ ನಿಲ್ಲುವಂತಿಲ್ಲ. ಇದನ್ನು ಹೇಳಿದಾಗ ಅವರಿಗೆ ಬೇಜಾರಾಯಿತು. ಹೊಲದಲ್ಲಿ ಮಾತ್ರ ಈಗಲೂ ನನ್ನ ಹಿಂದೆ ಕುರ್ಚಿ ಹಾಕಿಕೊಂಡು ಕೂರುತ್ತಾರೆ, ಕಡ್ಡಿ ತೋರಿಸುವುದಕ್ಕೂ ಅವರು ಹೇಳುವುದಕ್ಕೂ ಇಲ್ಲಿಯವರೆಗೆ ವ್ಯತ್ಯಾಸ ಬಂದಿಲ್ಲ.

ದೂರಕ್ಕಿಂತ ನೇರ ಯಾಕೆ ಮುಖ್ಯ ಅಂತ ಕೇಳುವವರು ನಮ್ಮ ಬೆಂಗಳೂರಿನ ಅದಿತಿ ಅಶೋಕ್ ಆಟ ನೋಡಿ. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಅವರಿಗಿಂತ ಎಷ್ಟೋ ದೂರ ಹೊಡೆಯುವವರಿದ್ದರು, ಆದರೂ ಅವರು ನಾಲ್ಕನೇ ಸ್ಥಾನಕ್ಕೆ ಬಂದರು. ಆ ವಾರ ನಾನು ಬೆಳಗಿನ ಜಾವ ಎದ್ದು ನೋಡಿದ್ದು ಇನ್ನೂ ಕಣ್ಣ ಮುಂದಿದೆ.

ಈಗ ನನ್ನ ಲೆಕ್ಕ ಹೀಗಿದೆ. 7 ಐರನ್‌ನಲ್ಲಿ ಹತ್ತಕ್ಕೆ ಎಂಟು ಚೆಂಡು ಎರಡು ತೆಂಗಿನಮರಗಳ ನಡುವೆ ಬೀಳುತ್ತವೆ. ಡ್ರೈವರ್‌ನಲ್ಲಿ ಇನ್ನೂ ಹತ್ತಕ್ಕೆ ಮೂರು ಬಲಕ್ಕೆ ಹೋಗುತ್ತವೆ, ಹೋದಾಗಲೆಲ್ಲ ಮಾರ್ಕರ್ ಗುರುತು ಹೀಲ್ ಕಡೆಯೇ ಇರುತ್ತದೆ. ಈ ಸಲದ ಬೇಸಿಗೆಗೆ ಅದೊಂದನ್ನೇ ಹಿಡಿದು ಕೂರಬೇಕು.