ತಂತಿ ಪಂಜರವೋ, ಗಾಜಿನ ತೊಟ್ಟಿಯೋ: ಶಂಖದ ಏಡಿ ಸಾಕಿ ನೋಡಿದ ಮೇಲೆ

ಬೇಸಿಗೆಯಲ್ಲಿ ನ್ಯೂಜೆರ್ಸಿಯ ಕಡಲತೀರದ ಬೋರ್ಡ್‌ವಾಕಿಗೆ, ಅಂದರೆ ಹಲಗೆ ಹಾಸಿದ ಕಾಲುದಾರಿಗೆ, ಮಕ್ಕಳನ್ನು ಕರೆದುಕೊಂಡು ಹೋದವರು ನೋಡಿಯೇ ಇರುತ್ತೀರಿ. ಟೀ ಶರ್ಟು, ಮಿಠಾಯಿ ಅಂಗಡಿಗಳ ಮುಂದೆ ತಂತಿ ಪಂಜರದ ತುಂಬ ಹರ್ಮಿಟ್ ಕ್ರ್ಯಾಬ್, ಅದೇ ಶಂಖ ಹೊತ್ತು ತಿರುಗುವ ಏಡಿ. ಶಂಖಕ್ಕೆ ಸ್ಪೈಡರ್‌ಮ್ಯಾನ್ ಬಣ್ಣ ಬೇರೆ. ‘ಪಂಜರ ಕೊಂಡರೆ ಏಡಿ ಫ್ರೀ’ ಎಂಬ ಬೋರ್ಡಿನ ಮುಂದೆ ಮಗಳು ಕಂಬದ ಹಾಗೆ ನಿಂತಳು. 20 ಡಾಲರಿಗೆ ಪಂಜರ, ಸ್ಪಂಜು, ಬಣ್ಣದ ಕಲ್ಲು, ಒಂದು ಡಬ್ಬಿ ಆಹಾರ, ಎರಡು ಏಡಿ ಮನೆಗೆ ಬಂದವು. “ಮೀನೇ ತಿನ್ನದ ಮನೆಗೆ ಏಡಿ ತಂದ್ಯಲ್ಲೋ ಮಾರಾಯ” ಎಂದು ಸಾಗರದಿಂದ ಅಮ್ಮ ವಿಡಿಯೊ ಕಾಲ್‌ನಲ್ಲಿ ನಕ್ಕರು.

ಪಂಜರದ ಸುಖ ಇಲ್ಲವೆನ್ನಲಾರೆ. ಹಗುರ, ಐದು ನಿಮಿಷದಲ್ಲಿ ತೊಳೆದಿಡಬಹುದು. ರಾತ್ರಿ ದೀಪ ಆರಿಸಿದರೆ ಸಾಕು, ಎರಡೂ ತಂತಿ ಹಿಡಿದು ಛಾವಣಿಗೆ ಹತ್ತುತ್ತಿದ್ದವು. ಮಕ್ಕಳಿಗೆ ಅದೇ ಟೀವಿ. ಆದರೆ ಈ ಏಡಿ ನೆಲದ ಮೇಲಿದ್ದರೂ ಉಸಿರಾಡುವುದು ಮಾರ್ಪಟ್ಟ ಕಿವಿರಿನಿಂದ. ಕಿವಿರು ಒದ್ದೆಯಾಗಿರಬೇಕು, ಅದಕ್ಕೆ ಗಾಳಿಯಲ್ಲಿ ಶೇ. 75–80ರಷ್ಟು ತೇವಾಂಶ ಬೇಕು. ನವೆಂಬರಿನಲ್ಲಿ ಹೀಟರ್ ಶುರುವಾದ ಮೇಲೆ ಒಂದು ಮೀಟರ್ ತಂದು ಪಂಜರದೊಳಗಿಟ್ಟರೆ 34 ತೋರಿಸಿತು. ದಿನಕ್ಕೆ ನಾಲ್ಕು ಸಲ ನೀರು ಚಿಮುಕಿಸಿದೆ, ಸ್ಪಂಜು ನೆನೆಸಿದೆ. ತಂತಿಯ ಮನೆಯಲ್ಲಿ ತೇವ ನಿಲ್ಲುತ್ತದೆಯೇ? ಚಿಕ್ಕದು ಶಂಖದಿಂದ ಅರ್ಧ ಹೊರಗೆ ಜೋತುಬಿದ್ದು ಸತ್ತಿತು. ಆ ನಾತ ಎರಡು ದಿನ ಹೋಗಲಿಲ್ಲ. ಉಸಿರುಕಟ್ಟಿಸಿ ಕೊಂದವನು ನಾನೇ ಎಂದು ಆಮೇಲೆ ಓದಿ ತಿಳಿಯಿತು.

ಉಳಿದ ಒಂದಕ್ಕಾಗಿ 20 ಗ್ಯಾಲನ್ನಿನ ಹಳೇ ಮೀನಿನ ತೊಟ್ಟಿ ತಂದೆ. ಮೇಲೆ ಗಾಜಿನ ಮುಚ್ಚಳ. ತಳಕ್ಕೆ ಐದು ಪಾಲು ಮರಳು, ಒಂದು ಪಾಲು ತೆಂಗಿನ ನಾರಿನ ಪುಡಿ, ಆರು ಇಂಚು ಆಳ. ಮರಳೇ 50 ಪೌಂಡಿನ ಎರಡು ಚೀಲ ಹಿಡಿಯಿತು. ನಾರಿನ ಪುಡಿಯ ಇಟ್ಟಿಗೆಗೆ ಡಾಲರ್ ಎಣಿಸುವಾಗ, ತವರು ತಿಪಟೂರಿನವಳಾದ ನನ್ನ ಹೆಂಡತಿ ಹಣೆ ಚಚ್ಚಿಕೊಂಡಳು. ಮಕ್ಕಳು ಮರಳಿನ ಗೂಡು ಕಟ್ಟುವಾಗಿನ ಹದಕ್ಕೆ ಒದ್ದೆ ಮಾಡಿದರೆ ಆಯಿತು. ಎರಡು ಬಟ್ಟಲು ನೀರು: ಒಂದರಲ್ಲಿ ಕ್ಲೋರಿನ್ ತೆಗೆದ ಸಿಹಿನೀರು, ಇನ್ನೊಂದರಲ್ಲಿ ಅಕ್ವೇರಿಯಂ ಅಂಗಡಿಯ ಸಮುದ್ರದ ಉಪ್ಪು ಬೆರೆಸಿದ್ದು. ಅಡುಗೆ ಉಪ್ಪು ನಡೆಯದು. ಮೀಟರ್ ಮರುದಿನವೇ 80ಕ್ಕೆ ಬಂದು ಕೂತಿತು.

ತೊಟ್ಟಿಯ ತಾಪತ್ರಯವೂ ಸಣ್ಣದಲ್ಲ. ಭಾರಕ್ಕೆ ಅಲುಗಿಸುವಂತಿಲ್ಲ. ಅದಕ್ಕಿಂತ ಹೆಚ್ಚಾಗಿ, ಏಡಿ ಕಾಣುವುದೇ ಇಲ್ಲ! ಮೂರನೇ ವಾರ ಮರಳು ತೋಡಿಕೊಂಡು ಒಳಗೆ ಹೋದದ್ದು ಏಳು ವಾರ ಬರಲಿಲ್ಲ. ಪೊರೆ ಕಳಚಲು ಅವು ಹೂತುಕೊಳ್ಳುತ್ತವೆ, ಆಗ ಅಗೆಯಬಾರದು. ಮಗ “ಅಪ್ಪಾ, ಸತ್ತೋಗಿದೆ, ತೆಗಿ” ಎಂದು ದಿನಾ ಕಾಡಿದ. ಮಣ್ಣು ಮೂಸಿ ನೋಡುತ್ತಿದ್ದೆ. ನಾತವಿಲ್ಲ, ಬಿಟ್ಟೆ. ಒಂದು ರಾತ್ರಿ ಎದ್ದು ನೋಡಿದರೆ ಬಂದು ಕೂತಿದೆ, ಎಡಗಡೆಯ ದೊಡ್ಡ ಇಕ್ಕಳ ಬದನೆಕಾಯಿಯ ಹಾಗೆ ನೇರಳೆಯಾಗಿ ಮಿರುಗುತ್ತಿದೆ. ಕಳಚಿದ ಪೊರೆಯನ್ನು ಅದೇ ತಿಂದುಹಾಕುತ್ತದಂತೆ. ಪಂಜರದ ಬಣ್ಣದ ಕಲ್ಲಿನಲ್ಲಿ ಪಾಪ ಎಲ್ಲಿ ಹೂತುಕೊಳ್ಳಬೇಕಿತ್ತು?

ಶಂಖದ ವಿಷಯದಲ್ಲಿ ತೀರ್ಪು ಕೊಟ್ಟದ್ದು ಏಡಿಯೇ. ಬಣ್ಣ ಬಳಿಯದ, ದುಂಡು ಬಾಯಿಯ ಮೂರು ಟರ್ಬೊ ಶಂಖ ಪಕ್ಕದಲ್ಲಿಟ್ಟೆ. ಮೊದಲು ಇಕ್ಕಳ ಒಳಗೆ ತೂರಿಸಿ ಅಳತೆ ನೋಡಿತು, ಉರುಳಿಸಿತು, ಕೂತು ಯೋಚಿಸಿತು ಎನ್ನಬೇಕು. ನಾಲ್ಕನೆಯ ಬೆಳಿಗ್ಗೆ ಸ್ಪೈಡರ್‌ಮ್ಯಾನ್ ಖಾಲಿ ಬಿದ್ದಿದ್ದ, ಒಳಗೆಲ್ಲ ಬಣ್ಣದ ಚಕ್ಕೆ.

ನನ್ನನ್ನು ಕೇಳಿದರೆ ತೊಟ್ಟಿಯೇ, ಎರಡು ಮಾತಿಲ್ಲ. ಆದರೆ ಮಕ್ಕಳು ಕೈಯಲ್ಲಿ ಹಿಡಿದು ಆಡಬೇಕು ಎಂದರೆ ಏಡಿಯ ಸಹವಾಸವೇ ಬೇಡ. ಅಂಗಡಿಯಲ್ಲಿ ಮಾರುವ ಈ ಏಡಿಗಳನ್ನು ಕಾಡು ತೀರದಿಂದಲೇ ಹಿಡಿದು ತರುತ್ತಾರೆ; ಅಲ್ಲಿ 30 ವರ್ಷವೂ ಬದುಕಬಲ್ಲವು. ನಮ್ಮದಕ್ಕೆ ಜೊತೆ ಬೇಕೆನಿಸಿದಾಗ, ಸಾಕಿ ಸಾಕಾಗಿದ್ದ ಒಂದು ಮನೆಯಿಂದ ಇಸಿದುಕೊಂಡು ಬಂದೆವು.

ಪಂಜರವನ್ನು ಎಸೆಯಲಿಲ್ಲ. ಅಡುಗೆಮನೆಯ ಮೂಲೆಯಲ್ಲಿ ಈರುಳ್ಳಿ ತುಂಬಿಟ್ಟಿದ್ದೇವೆ. ಗಾಳಿ ಚೆನ್ನಾಗಿ ಆಡುತ್ತದೆ.