ಸರಿಗಮಪ: ಹಾಡಿಗೆ ಐದರಲ್ಲಿ ನಾಲ್ಕು, ಮಾತಿಗೆ ಐದರಲ್ಲಿ ಒಂದು

ಮೊದಲೇ ಹೇಳಿಬಿಡುತ್ತೇನೆ, ಹಾಡುವವರ ಬಗ್ಗೆ ನನಗೆ ದೂರಿಲ್ಲ. ಝೀ ಕನ್ನಡದ ಹಾಡಿನ ಸ್ಪರ್ಧೆ ಸರಿಗಮಪಕ್ಕೆ ಬರುವ ಹುಡುಗ ಹುಡುಗಿಯರ ಮಟ್ಟ ಸೀಸನ್‌ನಿಂದ ಸೀಸನ್‌ಗೆ ಏರುತ್ತಲೇ ಇದೆ. ಒಂದು ಕಾಲಕ್ಕೆ ಫೈನಲ್‌ವರೆಗೆ ಹೋಗಿಬಿಡುತ್ತಿದ್ದ ಧ್ವನಿ ಈಗ ಆಡಿಷನ್ ದಾಟಿದರೆ ಹೆಚ್ಚು. ನನ್ನ ತಕರಾರು ಇರುವುದು ಹಾಡು ಮುಗಿದ ಮೇಲೆ ನಡೆಯುವುದರ ಬಗ್ಗೆ. ಸ್ಪರ್ಧೆ ಅನ್ನುತ್ತಾರೆ, ಆದರೆ ಯಾರು ಎಲ್ಲಿ ಜಾರಿದರು ಅಂತ ಹೇಳುವುದಿಲ್ಲ. ಇದನ್ನು ಶನಿವಾರ, ಭಾನುವಾರ ಬಿಡದೆ ತಿಂಗಳುಗಟ್ಟಲೆ ನೋಡುವವರ ಪಾಡು ಎಂತದ್ದು ಅಂತ ಬರೆಯೋಣ ಎನಿಸಿತು.

ನಾವಿರುವುದು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆ. ಇಲ್ಲಿ ಕನ್ನಡ ಚಾನಲ್ ತಾನಾಗಿ ಬರುವುದಿಲ್ಲ. ವಿಳಾಸ ಕೇರಳದ್ದಾದರೆ ಕೊಡುವುದು ಮಲಯಾಳಂ ಪ್ಯಾಕ್. ಕನ್ನಡ ಬೇಕಾದವರು ಕೇಳಿ ಹಾಕಿಸಿಕೊಳ್ಳಬೇಕು. 2019ರ ಫೆಬ್ರವರಿಯಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್‌ನ ಹೊಸ ದರ ಪದ್ಧತಿ ಬಂತಲ್ಲ, ಬೇಕಾದ ಚಾನಲ್ಲನ್ನು ನೀವೇ ಆರಿಸಿ ಅಂತ, ಆಗ ಗಡಿನಾಡಿನ ಮನೆಗಳಲ್ಲಿ ದೊಡ್ಡ ಚರ್ಚೆಯೇ ನಡೆಯಿತು. ಆಗ 100 ಚಾನಲ್‌ಗೆ 130 ರೂಪಾಯಿ ಮತ್ತು ತೆರಿಗೆ, ದುಡ್ಡಿನ ಚಾನಲ್‌ಗಳಿಗೆ ಅದರ ಮೇಲೆ ಬೇರೆ. ಮಕ್ಕಳ ಶಾಲೆಗೆ ಮಲಯಾಳಂ ವಾರ್ತೆ ಬೇಕು, ಅತ್ತೆಗೆ ಕನ್ನಡ ಧಾರಾವಾಹಿ ಬೇಕು, ನನಗೆ ಹಾಡು ಬೇಕು. ಬೆಂಗಳೂರಿನವರು ಒಂದು ಭಾಷೆಗೆ ದುಡ್ಡು ಕೊಟ್ಟರೆ ನಾವು ಎರಡು ಭಾಷೆಗೆ ಕೊಡುತ್ತೇವೆ. ಹಾಗಾಗಿ ಈ ವಿಮರ್ಶೆ ಪುಕ್ಕಟೆ ನೋಡಿದವರದ್ದಲ್ಲ.

ಎರಡು ಕಡೆಯದನ್ನು ನೋಡುವುದರಿಂದ ಒಂದು ಲಾಭವೂ ಉಂಟು. ಹೋಲಿಸಲಿಕ್ಕೆ ಸಿಗುತ್ತದೆ. ಏಷ್ಯಾನೆಟ್‌ನಲ್ಲಿ ಐಡಿಯಾ ಸ್ಟಾರ್ ಸಿಂಗರ್ ಎಂಬ ಮಲಯಾಳಂ ಹಾಡಿನ ಸ್ಪರ್ಧೆ ಬರುತ್ತಿದ್ದ ಕಾಲ ನಮ್ಮ ಊರಿನವರಿಗೆಲ್ಲ ನೆನಪಿರಬಹುದು. ನಿರೂಪಕಿ ರಂಜಿನಿ ಹರಿದಾಸರ ಇಂಗ್ಲಿಷ್ ಬೆರೆಸಿದ ಮಲಯಾಳಂ ಕೇಳಿ ಹಿರಿಯರು ಮುಖ ಸಿಂಡರಿಸುತ್ತಿದ್ದರು, ಚಾನಲ್ ಮಾತ್ರ ಬದಲಿಸುತ್ತಿರಲಿಲ್ಲ. ಅಲ್ಲಿ ಹಾಡು ಮುಗಿದ ಕೂಡಲೇ ಅಂಕ ತೆರೆಯ ಮೇಲೆ ಬರುತ್ತಿತ್ತು. ತೀರ್ಪುಗಾರರಾಗಿದ್ದ ಸಂಗೀತ ನಿರ್ದೇಶಕ ಶರತ್ ಅವರು ಅನುಪಲ್ಲವಿಯಲ್ಲಿ ಆ ಸಂಗತಿ (ಅದೇ ಸಾಲಿಗೆ ಕೊಡುವ ಬೇರೆ ಬೇರೆ ತಿರುವು) ಸರಿಯಾಗಲಿಲ್ಲ, ಚರಣದಲ್ಲಿ ಈ ಸಂಗತಿ ಬಿಟ್ಟುಹೋಯಿತು ಅಂತ ಎತ್ತಿ ತೋರಿಸಿ, ತಾವೇ ಹಾಡಿ ಕೇಳಿಸುತ್ತಿದ್ದರು. ಅವರ ಬಾಯಿಂದ ಸಂಗತಿ ಎಂಬ ಮಾತು ಎಷ್ಟು ಸಲ ಬಂತೆಂದರೆ ಮಿಮಿಕ್ರಿಯವರಿಗೆಲ್ಲ ಅದೇ ಊಟವಾಯಿತು. ನಗಲಿ ಬಿಡಿ. ಸಂಗೀತ ಕಲಿಯದವರಿಗೂ ಹಾಡಿನೊಳಗೆ ಇಂತಹ ತಿರುವುಗಳು ಇರುತ್ತವೆ, ಅವು ತಪ್ಪಲೂಬಹುದು ಅಂತ ಗೊತ್ತಾದದ್ದು ಅದರಿಂದಲೇ. ಅಲ್ಲಿ 2007ರಲ್ಲಿ ಗೆದ್ದ ನಜೀಮ್ ಅರ್ಷಾದ್ ಆಮೇಲೆ ಮಲಯಾಳಂ ಚಿತ್ರರಂಗದಲ್ಲಿ ಹಿನ್ನೆಲೆ ಗಾಯಕರಾಗಿ ನೆಲೆನಿಂತರು. ತಪ್ಪು ತಿದ್ದಿಸಿಕೊಂಡು ಅವರು ಕಳಕೊಂಡದ್ದೇನೂ ಕಾಣುವುದಿಲ್ಲ.

ಕನ್ನಡದಲ್ಲಿ ಹೀಗೆ ತಿದ್ದುವ ಪದ್ಧತಿಯೇ ಇಲ್ಲ ಅಂತಲ್ಲ. ಈಟಿವಿ ಕನ್ನಡದ ಎದೆ ತುಂಬಿ ಹಾಡುವೆನು ಕಾರ್ಯಕ್ರಮದಲ್ಲಿ ಎಸ್. ಪಿ. ಬಾಲಸುಬ್ರಹ್ಮಣ್ಯಂ ಮಾಡುತ್ತಿದ್ದದ್ದೇ ಅದು. ತೆಲುಗಿನಲ್ಲಿ 1996ರಿಂದ ಪಾಡುತಾ ತೀಯಗಾ ನಡೆಸಿದ ಅನುಭವ ಅವರ ಬೆನ್ನಿಗಿತ್ತು. ಹಾಡು ಯಾರು ಬರೆದದ್ದು, ಯಾರು ರಾಗ ಹಾಕಿದ್ದು, ಯಾವ ಸನ್ನಿವೇಶಕ್ಕೆ ಎಂಬುದು ಮೊದಲು. ಆಮೇಲೆ ಮಗು ಎಲ್ಲಿ ಉಸಿರು ತೆಗೆದುಕೊಂಡದ್ದರಿಂದ ಶಬ್ದ ತುಂಡಾಯಿತು, ಯಾವ ಅಕ್ಷರಕ್ಕೆ ಒತ್ತು ಬೇಕಿತ್ತು ಎಂಬುದು. ತಿದ್ದಿಸಿಕೊಂಡ ಹುಡುಗಿ ನಗುತ್ತಲೇ ಹೋಗಿ ಕೂರುತ್ತಿದ್ದಳು. ಅವಮಾನ ಮಾಡದೆ ತಪ್ಪು ಹೇಳಬಹುದು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. 2020ರ ಸೆಪ್ಟೆಂಬರ್ 25ರಂದು ಅವರು ತೀರಿಕೊಂಡರು. ಮರುವರ್ಷ ಅದೇ ಹೆಸರಿನ ಕಾರ್ಯಕ್ರಮ ಕಲರ್ಸ್ ಕನ್ನಡದಲ್ಲಿ ಪುನಃ ಬಂತು. ನೋಡಿದೆ, ಚೆನ್ನಾಗಿಯೇ ಇತ್ತು. ಆದರೆ ಆ ಕುರ್ಚಿ ತುಂಬುವಂಥದ್ದಲ್ಲ.

ಈಗ ಸರಿಗಮಪಕ್ಕೆ ಬರುತ್ತೇನೆ. ತೀರ್ಪುಗಾರರ ಯೋಗ್ಯತೆಯನ್ನು ಪ್ರಶ್ನಿಸುವ ಹಾಗಿಲ್ಲ. ವಿಜಯ್ ಪ್ರಕಾಶ್, ರಾಜೇಶ್ ಕೃಷ್ಣನ್, ಅರ್ಜುನ್ ಜನ್ಯ, ಮೂವರೂ ಕೆಲಸ ಮಾಡಿ ತೋರಿಸಿದವರು. ವಿಜಯ್ ಪ್ರಕಾಶ್ ಅಂತೂ ಹಿಂದಿಯ ಇದೇ ಹೆಸರಿನ ವೇದಿಕೆಯಲ್ಲಿ ಸ್ಪರ್ಧಿಯಾಗಿ ನಿಂತವರು. ಆಚೆ ನಿಂತವನಿಗೆ ಎಂತ ಬೇಕಾಗುತ್ತದೆ ಎಂಬುದು ಅವರಷ್ಟು ಬೇರೆಯವರಿಗೆ ಗೊತ್ತಿರಲಿಕ್ಕಿಲ್ಲ. ಅವರು ಒಮ್ಮೊಮ್ಮೆ ಮೈಕು ಹಿಡಿದು ಸ್ಪರ್ಧಿ ಹಾಡಿದ ಸಾಲನ್ನೇ ಇನ್ನೊಂದು ಥರ ಹಾಡುತ್ತಾರೆ. ಆ ಅರ್ಧ ನಿಮಿಷಕ್ಕೆ ಚಾನಲ್‌ನ ತಿಂಗಳ ದುಡ್ಡು ವಸೂಲಿ. ನಾನು ಕಾಯುವುದೇ ಅದಕ್ಕೆ.

ಆದರೆ ಉಳಿದ ಹೊತ್ತು? ಎದ್ದು ನಿಂತು ಚಪ್ಪಾಳೆ. ಒಬ್ಬರು ಎದ್ದರೆ ಮೂವರೂ ಎದ್ದರು, ಮೂವರು ಎದ್ದರೆ ಜ್ಯೂರಿ ಸಾಲಿನಲ್ಲಿ ಕೂತವರೂ ಎದ್ದರು. ರೋಮಾಂಚನವಾಯಿತು, ಕಣ್ಣು ತುಂಬಿ ಬಂತು, ಮೂಲ ಗಾಯಕರೇ ಹಾಡಿದ ಹಾಗಾಯಿತು. ಮದುವೆ ಊಟದಲ್ಲಿ ಕೇಳದಿದ್ದರೂ ಎಲ್ಲರ ಎಲೆಗೂ ಅದೇ ಸೌಟಿನಿಂದ ಪಾಯಸ ಸುರಿದ ಹಾಗೆ ಹೊಗಳಿಕೆ. ಶನಿವಾರ ಆರು ಜನರಿಗೆ ಎದ್ದು ನಿಂತವರು ಭಾನುವಾರ ರಾತ್ರಿ ಅದೇ ಆರರಲ್ಲಿ ಒಬ್ಬರನ್ನು ಮನೆಗೆ ಕಳುಹಿಸುವಾಗ ಯಾವ ಕಾರಣ ಕೊಡುತ್ತಾರೆ? ಕೊಡುವುದಿಲ್ಲ. ಹಿನ್ನೆಲೆ ಸಂಗೀತ ಏರುತ್ತದೆ, ಕ್ಯಾಮರಾ ತಾಯಿಯ ಮುಖಕ್ಕೆ ಹೋಗುತ್ತದೆ, ಜಾಹೀರಾತು ಬರುತ್ತದೆ, ವಾಪಸು ಬರುವಷ್ಟರಲ್ಲಿ ಹೆಸರು ಘೋಷಣೆ. ನೋಡುತ್ತಿದ್ದವರಿಗೆ ಇದು ಲಾಟರಿಯೋ ಎಂಬ ಸಂಶಯ ಬಂದರೆ ತಪ್ಪು ನೋಡುತ್ತಿದ್ದವರದ್ದಲ್ಲ.

ನಮ್ಮ ಊರಿನ ಮಕ್ಕಳಿಗೆ ಇಷ್ಟು ನಯ ಅಭ್ಯಾಸವಿಲ್ಲ. ಕೇರಳದ ಶಾಲಾ ಕಲೋತ್ಸವ ಎಂಬ ಕಲಾ ಸ್ಪರ್ಧೆಯಲ್ಲಿ ಬೆಳೆದವರು ಇವರು. ಶಾಲೆ, ಕುಂಬಳೆ ಉಪಜಿಲ್ಲೆ, ಆಮೇಲೆ ಜಿಲ್ಲೆ, ಗೆದ್ದರೆ ರಾಜ್ಯ. ಲಲಿತಗಾನಕ್ಕೆ ನಿಂತ ಮಗುವಿನ ಹಿಂದೆ ವಾದ್ಯಗೋಷ್ಠಿ ಇಲ್ಲ, ಹೊಗೆ ಇಲ್ಲ, ದೀಪದ ಕುಣಿತ ಇಲ್ಲ. ಶ್ರುತಿ ಬಿಟ್ಟರೆ ಆ ಕೋಣೆಯಲ್ಲಿದ್ದ ಎಲ್ಲರಿಗೂ ಗೊತ್ತಾಗುತ್ತದೆ. ಎ ಗ್ರೇಡೋ ಬಿ ಗ್ರೇಡೋ ಎಂಬುದು ಅದೇ ದಿನ ತಿಳಿಯುತ್ತದೆ. ಒಪ್ಪದವರು ಅಪೀಲು ಹಾಕುತ್ತಾರೆ, ಅದರ ಜಗಳ ಬೇರೆಯೇ ಒಂದು ಪುರಾಣ. 2019ರಲ್ಲಿ ರಾಜ್ಯ ಕಲೋತ್ಸವ ನಮ್ಮ ಜಿಲ್ಲೆಯ ಕಾಞಂಗಾಡಿಗೇ ಬಂದಾಗ ಕನ್ನಡ ಪದ್ಯ, ಯಕ್ಷಗಾನ ಅಂತ ನಮ್ಮವರೂ ಓಡಾಡಿದ್ದೇ ಓಡಾಡಿದ್ದು. ಸೋತ ಮಕ್ಕಳು ಅತ್ತರು, ಮರುವರ್ಷ ಪುನಃ ಕಲಿತರು. ತಪ್ಪು ಕೇಳಿಸಿಕೊಂಡರೆ ಮಕ್ಕಳು ಕುಸಿದುಹೋಗುತ್ತಾರೆ ಎಂಬ ವಾದವನ್ನು ಟಿವಿಯವರು ಯಾವ ಲೋಕದಿಂದ ತಂದರೋ.

ಒಂದು ವಿನಾಯಿತಿ ಹೇಳಲೇಬೇಕು. ಹಂಸಲೇಖ ಮಹಾಗುರುಗಳಾಗಿ ಕೂತ ಸೀಸನ್‌ಗಳು ಬೇರೆಯೇ ಮಟ್ಟದವು. ಅವರೂ ಹೊಗಳುತ್ತಿದ್ದರು, ಧಾರಾಳವಾಗಿಯೇ. ಆದರೆ ಹೊಗಳಿಕೆಯ ಒಳಗೆ ಪಾಠ ಇರುತ್ತಿತ್ತು. ಈ ಧಾಟಿ ಯಾವ ಜಾನಪದ ಮಟ್ಟಿನಿಂದ ಬಂತು, ಶಬ್ದದ ತೂಕಕ್ಕೆ ತಾಳ ಹೇಗೆ ಬಾಗುತ್ತದೆ ಎಂದೆಲ್ಲ ಬಿಡಿಸಿ ಹೇಳುವಾಗ ನಮ್ಮ ಮನೆಯಲ್ಲಿ ಯಾರೂ ರಿಮೋಟ್ ಮುಟ್ಟುತ್ತಿರಲಿಲ್ಲ. ಮಾತು ಒಮ್ಮೊಮ್ಮೆ ಎಲ್ಲಿಗೋ ಹೋಗುತ್ತಿತ್ತು ಎನ್ನುವುದೂ ನಿಜ. ಆದರೂ ಅದು ಕಿವಿಗೆ ಏನಾದರೂ ಕೊಟ್ಟು ಹೋಗುವ ಮಾತು.

ಜಾನಪದದ ವಿಷಯ ಬಂತಲ್ಲ. 2018ರಲ್ಲಿ ಶುರುವಾದ 15ನೇ ಸೀಸನ್‌ನಲ್ಲಿ ಹಾವೇರಿ ಜಿಲ್ಲೆಯ ಕುರಿಗಾಹಿ ಹನುಮಂತ ಬಂದರು. ಕೀರ್ತನ್ ಹೊಳ್ಳ ಗೆದ್ದರು, ಹನುಮಂತ ಎರಡನೆಯವರಾದರು. ಆ ವಾರಗಳಲ್ಲಿ ನಮ್ಮ ಕಡೆ ಎರಡು ಪಕ್ಷವೇ ಆಗಿತ್ತು. ಕರಾವಳಿಯ ಕಿವಿ ಸಹಜವಾಗಿ ಹೊಳ್ಳರ ಕಡೆ, ಶಾಸ್ತ್ರೀಯದ ಗಟ್ಟಿ ಅಡಿಪಾಯದ ಕಡೆ. ಆದರೆ ಹನುಮಂತ ಕಣ್ಣು ಮುಚ್ಚಿ ತತ್ವಪದ ಎತ್ತಿದಾಗ ಸುಮ್ಮನಾಗದ ಮನೆ ಇರಲಿಲ್ಲ. ಆ ಇಬ್ಬರನ್ನು ಒಂದೇ ಅಳತೆಗೋಲಿನಲ್ಲಿ ಅಳೆಯುವುದು ಹೇಗೆ ಎಂಬುದು ಒಳ್ಳೆಯ ಪ್ರಶ್ನೆ, ಸಂಗೀತ ಬಲ್ಲವರು ಟಿವಿಯಲ್ಲಿ ಕೂತು ಚರ್ಚಿಸಬಹುದಾದ ಪ್ರಶ್ನೆ. ಕಾರ್ಯಕ್ರಮದವರು ಚರ್ಚೆಗೆ ಹೋಗಲಿಲ್ಲ. ಕುರಿ, ಕಂಬಳಿ, ಬಡತನ, ಇದರ ಸುತ್ತವೇ ಸುತ್ತಿದರು. ಹನುಮಂತ 2025ರಲ್ಲಿ ಬಿಗ್ ಬಾಸ್ ಗೆದ್ದದ್ದು ಎಲ್ಲರಿಗೂ ಗೊತ್ತು. ಜನಕ್ಕೆ ಅವರು ಬೇಕಾದದ್ದು ಖುಷಿ. ನನಗೆ ಬೇಕಾಗಿದ್ದದ್ದು ಅವರ ಕಂಠದ ಬಗ್ಗೆ ನಾಲ್ಕು ಗಟ್ಟಿ ಮಾತು.

ಕಷ್ಟದ ಕಥೆಯ ವೀಡಿಯೋ ಈಗ ಕಡ್ಡಾಯವೇ ಆಗಿಬಿಟ್ಟಿದೆ. ಸಾಲ, ಕಾಯಿಲೆ, ಸೋರುವ ಮನೆ. ಕಷ್ಟ ಸುಳ್ಳು ಅಂತ ನಾನು ಹೇಳುವುದಿಲ್ಲ. ಆದರೆ ಆ ವೀಡಿಯೋ ಮುಗಿದ ಕೂಡಲೇ ಹಾಡಿದವನ ಶ್ರುತಿ ತುಸು ಅಲುಗಿದರೆ ಯಾವ ತೀರ್ಪುಗಾರನಿಗೆ ಬಾಯಿ ಬರುತ್ತದೆ? ಹಾಡಿನ ಮೊದಲೇ ಕಟ್ಟಿಹಾಕಿದ ಹಾಗಾಯಿತು. ಮೊದಲು ಹಾಡಲಿ, ಆಮೇಲೆ ತೋರಿಸಿ.

ಗಡಿನಾಡಿನ ಸ್ಪರ್ಧಿ ಬಂದರೆ ಇನ್ನೊಂದು ಥರ. ಕೇರಳದಿಂದ ಬಂದು ಎಷ್ಟು ಚಂದ ಕನ್ನಡ ಹಾಡುತ್ತಾರೆ ನೋಡಿ ಎಂಬ ಧಾಟಿಯ ಆಶ್ಚರ್ಯ ಯಾವ ವೇದಿಕೆಯಲ್ಲಿ ಕೇಳಿದರೂ ನನಗೆ ಸಿಟ್ಟು ಬರುತ್ತದೆ. 1956ರ ನವೆಂಬರ್ 1ರಂದು ಕಾಸರಗೋಡನ್ನು ಕೇರಳಕ್ಕೆ ಸೇರಿಸಿ ಗೆರೆ ಎಳೆದವರು ನಾವಲ್ಲ. ಯಕ್ಷಗಾನದ ಕವಿ ಪಾರ್ತಿಸುಬ್ಬ ಇದ್ದದ್ದು ನಮ್ಮ ಕುಂಬಳೆಯಲ್ಲಿ. ಕವಿ ಗೋವಿಂದ ಪೈಗಳು ಬರೆದದ್ದು ನಮ್ಮ ಮಂಜೇಶ್ವರದಲ್ಲಿ ಕೂತು. ಯಕ್ಷಗಾನದಲ್ಲಿ ಹಾಡುವ ಭಾಗವತರ ಪದ ಕೇಳಿ ಬೆಳೆದ ಇಲ್ಲಿಯ ಕಿವಿ ಮೊದಲು ನೋಡುವುದೇ ಸಾಹಿತ್ಯ ಬಿಡಿಬಿಡಿಯಾಗಿ ಕೇಳಿತೋ ಎಂದು. ಅಲ್ಪಪ್ರಾಣ ಮಹಾಪ್ರಾಣ ಅದಲುಬದಲಾದರೆ ನಮ್ಮ ಅಜ್ಜಂದಿರು ಚೌಕಿಯಲ್ಲೇ, ಅಂದರೆ ವೇಷ ಕಟ್ಟುವ ಜಾಗದಲ್ಲೇ, ಹೋಗಿ ಕೇಳುತ್ತಿದ್ದರು. ಬೆಂಗಳೂರಿನ ಸೆಟ್‌ನಲ್ಲಿ ಅದನ್ನು ಗಮನಿಸುವವರು ಕಡಿಮೆ.

ನಿರೂಪಕಿ ಅನುಶ್ರೀ ಬಗ್ಗೆ ಒಂದೇ ಸಾಲು: ಮಂಗಳೂರಿನವರು, ನಡುವೆ ತುಳು ಒಂದೆರಡು ಶಬ್ದ ಬಂದರೆ ನಮ್ಮ ಮನೆ ಗೆದ್ದಿತು, ಅವರಿಗೆ ಪೂರ್ತಿ ಅಂಕ.

ಹಾಡಿನ ಆಯ್ಕೆ ನನಗೆ ಬಹಳ ಬೇಸರ ತರುವ ಜಾಗ. ಕನ್ನಡದಲ್ಲಿ ಸುಗಮ ಸಂಗೀತ ಎಂಬ ದೊಡ್ಡ ಸಂಪತ್ತು ಉಂಟು. ಪಿ. ಕಾಳಿಂಗ ರಾವ್, ಮೈಸೂರು ಅನಂತಸ್ವಾಮಿ, ಸಿ. ಅಶ್ವಥ್ ಹಾಕಿಕೊಟ್ಟ ದಾರಿ. ಮಂಗಳೂರು ಆಕಾಶವಾಣಿ ಕೇಳಿ ದೊಡ್ಡವರಾದ ನಮ್ಮಂಥವರಿಗೆ ಭಾವಗೀತೆ ಎಂದರೆ ಮನೆಯ ಹಾಡು. ಇಷ್ಟು ದೀರ್ಘ ಸೀಸನ್‌ನಲ್ಲಿ ಅದಕ್ಕೆ ಒಂದು ವಾರ ಸಿಕ್ಕಿದರೆ ಪುಣ್ಯ. ಉಳಿದದ್ದೆಲ್ಲ ಸಿನಿಮಾ, ಅದರಲ್ಲೂ ತಿರುಗಿ ತಿರುಗಿ ಅದೇ ಹಾಡುಗಳು. ನಮ್ಮ ಬದಿಯಡ್ಕದಲ್ಲೇ ನೂರು ವರ್ಷ ತುಂಬಿ ಬಾಳಿದ ಕವಿ ಕಯ್ಯಾರ ಕಿಞ್ಞಣ್ಣ ರೈಗಳ ಒಂದು ಕವಿತೆಗೆ ಹೊಸ ರಾಗ ಹಾಕಿಸಿ ಹಾಡಿಸಿದರೆ ಎಂತ ನಷ್ಟ? ಅರ್ಜುನ್ ಜನ್ಯ ಅಲ್ಲೇ ಕೂತಿರುತ್ತಾರೆ, ವಾದ್ಯದವರೂ ಇದ್ದಾರೆ. ಬಿಡುಗಡೆಗೆ ತಯಾರಾದ ಸಿನಿಮಾದ ತಂಡ ಬಂದ ವಾರವಂತೂ ಕೇಳುವುದೇ ಬೇಡ, ಹಾಡಿಗಿಂತ ನಾಯಕ ನಾಯಕಿಯ ತಮಾಷೆಯೇ ಉದ್ದ.

ವಾದ್ಯವೃಂದ ಮಾತ್ರ ಒಂದನೇ ದರ್ಜೆ. ಟ್ರ್ಯಾಕ್ ಹಾಕಿ ಹಾಡಿಸುವ ಕಾರ್ಯಕ್ರಮಗಳ ಎದುರು ಇದು ಆನೆಬಲ. ಕೊಳಲು, ತಬಲಾ ನುಡಿಸುವವರ ಕೈ ಕಡೆಗೆ ಕ್ಯಾಮರಾ ಇನ್ನೂ ಹೆಚ್ಚು ಹೋಗಬೇಕು. ಒಂದು ಎಚ್ಚರಿಕೆ: ನಮಗೆ ಕೇಳುವುದು ರೆಕಾರ್ಡಿಂಗ್ ಆದ ಮೇಲೆ ಮಿಕ್ಸಿಂಗ್ ಮಾಡಿದ ಧ್ವನಿ. ಹಾಗಾಗಿ ತೀರ್ಪುಗಾರರಿಗೆ ಅಲ್ಲಿ ಕೇಳಿದ್ದೂ ನಮಗೆ ಇಲ್ಲಿ ಕೇಳಿದ್ದೂ ಒಂದೇ ಅಂತ ಹಠ ಮಾಡಬಾರದು.

ಹೊಸದಾಗಿ ನೋಡಲು ಹೊರಟವರಿಗೆ ನನ್ನ ಸಲಹೆ ಇಷ್ಟು. ಮೆಗಾ ಆಡಿಷನ್‌ನ ಮೊದಲ ವಾರಗಳನ್ನು ಬಿಡಬೇಡಿ, ಹೊಸ ಕಂಠ ಕೇಳುವ ಸುಖ ಇರುವುದು ಅಲ್ಲಿಯೇ. ನಡುವಿನ ವಾರಗಳನ್ನು ಮೊಬೈಲ್ ಆ್ಯಪ್‌ನಲ್ಲಿ ಮರುದಿನ ನೋಡಿ, ಹಾಡು ಮುಗಿದ ಕೂಡಲೇ ಬೆರಳಲ್ಲಿ ಮುಂದೆ ಓಡಿಸಿ, ವಿಜಯ್ ಪ್ರಕಾಶ್ ಮೈಕು ಎತ್ತಿದರೆ ಮಾತ್ರ ನಿಲ್ಲಿಸಿ. ಗ್ರ್ಯಾಂಡ್ ಫಿನಾಲೆ ಗಂಟೆಗಟ್ಟಲೆ ಎಳೆಯುತ್ತದೆ, ಊಟ ಮುಗಿಸಿ ಕೂತರೆ ಸಾಕು. ಮಳೆಗಾಲದಲ್ಲಿ ಕರೆಂಟು ಹೋದರೂ ಬೇಸರಪಡಬೇಡಿ, ಫಲಿತಾಂಶ ಬೆಳಿಗ್ಗೆ ಹಾಲಿನ ಸೊಸೈಟಿಯಲ್ಲಿ ಗೊತ್ತಾಗುತ್ತದೆ.

ಸೀಸನ್ ಮುಗಿದ ಮೇಲೆ ಈ ಚಾನಲ್ ತೆಗೆಸಿ ದುಡ್ಡು ಉಳಿಸೋಣ ಎಂದು ಪ್ರತಿಸಲ ಅಂದುಕೊಳ್ಳುತ್ತೇನೆ. ಅತ್ತೆಯ ಧಾರಾವಾಹಿ ಇರುವವರೆಗೆ ಅದು ನಡೆಯುವ ಮಾತಲ್ಲ.