ಬೈಕಂಪಾಡಿಯ ಶೆಡ್ಡಿನ ಬಾಗಿಲಿಗೇ ಬರುವ ಆರೋಗ್ಯ ತಪಾಸಣೆ: ಒಂದು ಪ್ಯಾಕೇಜಿನ ವಿಮರ್ಶೆ

ಮಾರ್ಚ್ 4 ರಾಷ್ಟ್ರೀಯ ಸುರಕ್ಷತಾ ದಿನ. ಆ ವಾರ ಬೈಕಂಪಾಡಿ ಕೈಗಾರಿಕಾ ಪ್ರದೇಶದ ಫ್ಯಾಬ್ರಿಕೇಶನ್ ಶೆಡ್ಡುಗಳ ಗೇಟಿಗೆ ಬ್ಯಾನರ್ ಏರುತ್ತದೆ, ಪ್ರತಿಜ್ಞೆ ಓದಿಸುತ್ತಾರೆ, ಅದರ ಬೆನ್ನಿಗೇ ಆರೋಗ್ಯ ತಪಾಸಣೆಯ ವ್ಯಾನು ಒಳಗೆ ಬರುತ್ತದೆ. ಮಂಗಳೂರಿನ ಒಂದು ಲ್ಯಾಬ್ ಎಂಜಿನಿಯರಿಂಗ್ ಕಂಪೆನಿಗಳಿಗೆ ಮೂರು ಭಾಗದ ಪ್ಯಾಕೇಜ್ ಕೊಡುತ್ತಿದೆ: ಕಾರ್ಮಿಕರ ತಪಾಸಣೆ, ಅರ್ಧ ದಿನದ ಪ್ರಥಮ ಚಿಕಿತ್ಸೆ ತರಬೇತಿ, ಊರವರಿಗೂ ತೆರೆದ ರಕ್ತದಾನ ಶಿಬಿರ. ಲ್ಯಾಬಿನ ಹೆಸರು ಇಲ್ಲಿ ಬೇಡ. ಇದರ ಕುಂದುಗಳು ಇದೇ ಬಗೆಯ ಬೇರೆ ಸೇವೆಗಳಲ್ಲೂ ಇರುವಂಥವು. ಒಂದೇ ಮಾತಿನಲ್ಲಿ ಹೇಳುವುದಾದರೆ ರಕ್ತ ಪರೀಕ್ಷೆ ಚೊಕ್ಕ, ಶ್ವಾಸಕೋಶದ ಪರೀಕ್ಷೆ ಚೆನ್ನಾಗಿದೆ, ಕಿವಿಯ ಪರೀಕ್ಷೆ ಸಾಲದು, ವರದಿ ಬರೆಯುವ ಕ್ರಮವಂತೂ ಬದಲಾಗಲೇಬೇಕು.

ರಕ್ತದ ವಿಷಯ ಬೇಗ ಮುಗಿಸಬಹುದು. ಸಕ್ಕರೆ ಪರೀಕ್ಷೆಯ ರಕ್ತವನ್ನು ಬೂದು ಮುಚ್ಚಳದ ಫ್ಲೋರೈಡ್ ಟ್ಯೂಬಿಗೇ ಹಾಕುತ್ತಾರೆ, ಐಸ್ ಪೆಟ್ಟಿಗೆ ಪಕ್ಕದಲ್ಲೇ ಇರುತ್ತದೆ. ಇದು ಸಣ್ಣ ಸಂಗತಿಯಲ್ಲ. ಸಾದಾ ಟ್ಯೂಬಿನಲ್ಲಿ ಗಂಟೆಗೆ ಶೇ. 5ರಿಂದ 7ರಷ್ಟು ಸಕ್ಕರೆ ಕರಗಿ ಹೋಗುತ್ತದೆ; ಮಾರ್ಚಿನ ಸೆಕೆಯಲ್ಲಿ ಮೂರು ಗಂಟೆ ವ್ಯಾನಿನಲ್ಲೇ ಉಳಿದ ರಕ್ತ ಮಧುಮೇಹಿಯನ್ನೂ ಆರೋಗ್ಯವಂತ ಎಂದು ತೋರಿಸೀತು. ತಪ್ಪುವುದು ರಾತ್ರಿ ಪಾಳಿಯವರ ಲೆಕ್ಕ. ಮಧ್ಯರಾತ್ರಿ ಒಂದು ಗಂಟೆಗೆ ಬುತ್ತಿ ಬಿಚ್ಚಿ ಉಂಡವರನ್ನು ಬೆಳಿಗ್ಗೆ ಏಳಕ್ಕೆ ‘ಖಾಲಿ ಹೊಟ್ಟೆ’ಯ ಸಾಲಿನಲ್ಲಿ ನಿಲ್ಲಿಸುತ್ತಾರೆ. ಎಂಟು ಗಂಟೆಯ ಉಪವಾಸ ಅಲ್ಲಿ ಆಗಿರುವುದೇ ಇಲ್ಲ. ಅಂಥವರಿಗೆ ಎಚ್‌ಬಿಎ1ಸಿ (ಹಿಂದಿನ ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಪರೀಕ್ಷೆ) ಮಾಡಿಸಿ ಎಂದು ಮೊದಲೇ ಕೇಳಿಕೊಳ್ಳಿ, ಅದಕ್ಕೆ ಉಪವಾಸ ಬೇಡ. ಬಿ.ಪಿ. ನೋಡುವಲ್ಲಿ ಒಂದೇ ಅಳತೆಯ ಪಟ್ಟಿ ಇಟ್ಟುಕೊಂಡಿದ್ದಾರೆ. ವರ್ಷಗಟ್ಟಲೆ ಪ್ಲೇಟ್ ಎತ್ತಿದ ಫಿಟ್ಟರ್‌ನ ದಪ್ಪ ತೋಳಿಗೆ ಸಣ್ಣ ಪಟ್ಟಿ ಕಟ್ಟಿದರೆ ಇರುವುದಕ್ಕಿಂತ ಹೆಚ್ಚೇ ತೋರಿಸುತ್ತದೆ. ದೊಡ್ಡ ಪಟ್ಟಿ ತರಿಸಿ, ಬೆನ್ನು ಒರಗಿಸಿ ಐದು ನಿಮಿಷ ಕೂರಿಸಿ, ಎರಡು ಸಲ ನೋಡಿಸಿ.

ಕಿವಿಯ ಪರೀಕ್ಷೆಗೆ ಬರೋಣ. ಎಂಜಿನಿಯರಿಂಗ್ ಶೆಡ್ಡಿನಲ್ಲಿ ಮರಳಿ ಬಾರದಂತೆ ಹೋಗುವುದು ಕಿವಿಯೇ, ಅದೂ ನೋವಿಲ್ಲದೆ. ಏಂಗಲ್ ಗ್ರೈಂಡರ್ ಪ್ಲೇಟಿಗೆ ತಾಗಿದಾಗ 95ರಿಂದ 100 ಡೆಸಿಬೆಲ್ ಬರುವುದು ಸಾಮಾನ್ಯ. ನಮ್ಮ ಕಾರ್ಖಾನೆ ನಿಯಮಗಳ ಲೆಕ್ಕದಲ್ಲಿ 90 ಡೆಸಿಬೆಲ್ ಇದ್ದರೆ ದಿನಕ್ಕೆ 8 ಗಂಟೆ, 95ಕ್ಕೆ 4 ಗಂಟೆ, 100ಕ್ಕೆ 2 ಗಂಟೆ, ಅಷ್ಟೇ. ಇಂಥ ಸದ್ದು ಮೊದಲು ಹೊಡೆಯುವುದು 4000 ಹರ್ಟ್ಜ್ ಆಸುಪಾಸಿನ ಕೀರಲು ಸ್ವರದ ಕೇಳುವಿಕೆಯನ್ನು. ಮಾತು ಹೆಚ್ಚಾಗಿ ಅದಕ್ಕಿಂತ ಕೆಳಗೆ ಇರುವುದರಿಂದ ಮನೆಯಲ್ಲಿ ಯಾರಿಗೂ ಗೊತ್ತಾಗುವುದಿಲ್ಲ, ಅವನಿಗೂ ಗೊತ್ತಾಗುವುದಿಲ್ಲ. ಮಾತು ಕೇಳಿಸದೆ ಹೋಗುವ ಹೊತ್ತಿಗೆ ಹಾನಿ ಮುಗಿದಿರುತ್ತದೆ.

ಈ ಸೇವೆಯವರು ಮಾಡುವುದೇನು? ಕೆಂಪು ಬಲಗಿವಿಗೆ, ನೀಲಿ ಎಡಗಿವಿಗೆ ಎಂದು ಹೆಡ್‌ಫೋನ್ ಸರಿಯಾಗಿಯೇ ಹಾಕುತ್ತಾರೆ. ಆಮೇಲೆ 500, 1000, 2000 ಹರ್ಟ್ಜ್ ಮೂರನ್ನೇ ನೋಡಿ, ಸರಾಸರಿ ತೆಗೆದು ‘ಸಾಮಾನ್ಯ’ ಎಂದು ಬರೆಯುತ್ತಾರೆ. ಒಬ್ಬನಿಗೆ ಮೂರು ನಿಮಿಷ. ಹೀಗೆ ಮಾಡಿದರೆ 4000ದಲ್ಲಿ ಬಿದ್ದ ಗುಂಡಿ, ಅಂದರೆ ಅಲ್ಲಿ ಕುಸಿದ ಕೇಳುವಿಕೆ, ಕಾಗದದ ಮೇಲೆ ಬರುವುದೇ ಇಲ್ಲ. ಯಾವ ರೋಗಕ್ಕಾಗಿ ಪರೀಕ್ಷೆ ಇಟ್ಟಿದ್ದೇವೋ ಅದನ್ನೇ ಬಿಟ್ಟು ಉಳಿದದ್ದನ್ನು ಅಳೆದ ಹಾಗೆ. 3000, 4000, 6000, 8000 ಸೇರಿಸಿ ಎರಡೂ ಕಿವಿ ನೋಡಲು ಎಂಟು ಹತ್ತು ನಿಮಿಷ ಬೇಕು. ಸದ್ದನ್ನು 10 ಡೆಸಿಬೆಲ್ ಇಳಿಸುತ್ತ, ಕೇಳಿಸದಿದ್ದಾಗ 5 ಏರಿಸುತ್ತ ಹುಡುಕಬೇಕು. ಅದಕ್ಕೂ ಮೊದಲು ಕಿವಿಯೊಳಗೆ ಗುಗ್ಗೆ ಗಟ್ಟಿಯಾಗಿದೆಯೇ ಎಂದು ಬೆಳಕು ಹಾಕಿ ನೋಡಬೇಕು. ಈ ವ್ಯಾನಿನಲ್ಲಿ ಅದೂ ಇಲ್ಲ.

ಇನ್ನೊಂದು ದೋಷ ಕಂಪೆನಿಯದೇ. ವ್ಯಾನನ್ನು ಕಂಪ್ರೆಸರ್ ರೂಮಿನ ಪಕ್ಕ ನಿಲ್ಲಿಸಿ, ಗ್ರೈಂಡಿಂಗ್ ಬಿಟ್ಟು ಬಂದವನನ್ನು ನೇರ ಒಳಗೆ ಕಳಿಸುತ್ತಾರೆ. ಸದ್ದಿನಿಂದ ದಣಿದ ಕಿವಿ ತಾತ್ಕಾಲಿಕವಾಗಿ ಮಂದವಾಗಿರುತ್ತದೆ. ಕನಿಷ್ಠ 14 ಗಂಟೆ ಸದ್ದಿನಿಂದ ದೂರ ಇದ್ದ ಮೇಲೆ ಮಾಡಿದ ಪರೀಕ್ಷೆಯನ್ನು ಮಾತ್ರ ಮುಂದಿನ ವರ್ಷಗಳ ಹೋಲಿಕೆಗೆ ಆಧಾರ ಎಂದು ಇಟ್ಟುಕೊಳ್ಳಬಹುದು. ಹಾಗಾಗಿ ಭಾನುವಾರ ರಜೆಯಿದ್ದವರನ್ನು ಸೋಮವಾರ ಬೆಳಿಗ್ಗೆ ಶೆಡ್ಡಿಗೆ ಕಾಲಿಡುವ ಮೊದಲೇ ಕೂರಿಸಿ. ಆಯುಧ ಪೂಜೆಗೆ ಮೆಶಿನ್‌ಗಳೆಲ್ಲ ನಿಂತು, ವಿಜಯದಶಮಿ ರಜೆಯೂ ಕಳೆದ ಮರುದಿನದ ಬೆಳಿಗ್ಗೆ ಇನ್ನೂ ಒಳ್ಳೆಯದು. ಅದಕ್ಕೆ ಮಾರ್ಚನ್ನೇ ಕಾಯಬೇಕಾಗಿಲ್ಲ. ಮುಂದೆ 2000, 3000, 4000ದ ಸರಾಸರಿ ಆಧಾರದ ಪರೀಕ್ಷೆಗಿಂತ 10 ಡೆಸಿಬೆಲ್ ಜಾರಿದರೆ ಆ ಕಾರ್ಮಿಕನ ಇಯರ್ ಪ್ಲಗ್ ಸರಿ ಕೂರುತ್ತಿಲ್ಲ, ಇಲ್ಲವೇ ಅದು ಜೇಬಿನಲ್ಲೇ ಇದೆ ಎಂದು ತಿಳಿದು ಹೋಗಿ ನೋಡಬೇಕು.

ಶ್ವಾಸಕೋಶದ ಪರೀಕ್ಷೆಯನ್ನು ಮನಸಾರೆ ಮೆಚ್ಚಬೇಕು. ಬೆಳಿಗ್ಗೆ ಮೊದಲ ಕೆಲಸವಾಗಿ 3 ಲೀಟರಿನ ಸಿರಿಂಜಿನಿಂದ ಯಂತ್ರವನ್ನು ತಾಳೆ ನೋಡುತ್ತಾರೆ, ಶೇ. 3ಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ಮುಂದುವರಿಯುವುದಿಲ್ಲ. ಬೂಟು ಕಳಚಿಸಿ ಎತ್ತರ ಅಳೆಯುತ್ತಾರೆ. ಸೇಫ್ಟಿ ಶೂನ ದಪ್ಪ ಅಡಿಯನ್ನೂ ಸೇರಿಸಿ ಅಳೆದರೆ ‘ಇರಬೇಕಾದ ಉಸಿರು’ ಜಾಸ್ತಿಯಾಗಿ, ಸರಿಯಿದ್ದವನಿಗೂ ಕಡಿಮೆ ಎಂದು ಬರುತ್ತದೆ. ಮೂಗಿಗೆ ಕ್ಲಿಪ್, ತುಟಿ ಬಿಗಿ, ಎದೆ ತುಂಬ ಉಸಿರು, ಒಮ್ಮೆಲೇ ರಭಸ, ಆಮೇಲೆ ಕನಿಷ್ಠ 6 ಸೆಕೆಂಡು ಬಿಡದೆ ಊದುವುದು. ಜನ ಸೋಲುವುದು ಈ ಕೊನೆಯದರಲ್ಲಿ. ಎರಡನೇ ಸೆಕೆಂಡಿಗೇ ಗಾಳಿ ಮುಗಿಯಿತೆಂದು ಬಾಯಿ ತೆಗೆಯುತ್ತಾರೆ. ಇಲ್ಲಿನ ಟೆಕ್ನೀಶಿಯನ್ ಎದುರು ಕುಳಿತು ‘ಊದಿ, ಊದಿ, ಇನ್ನೂ ಇದೆ, ಬಿಡಬೇಡಿ’ ಎಂದು ಏರುದನಿಯಲ್ಲಿ ಹುರಿದುಂಬಿಸುತ್ತಾರೆ. ಒಡಿಶಾ, ಜಾರ್ಖಂಡ್ ಕಡೆಯವರು ಬಂದರೆ ಅದೇ ಮಾತು ಹಿಂದಿಯಲ್ಲಿ, ಹಳಬರಿಗೆ ತುಳುವಿನಲ್ಲಿ. ಮೂರು ಒಪ್ಪುವಂಥ ಊದು ಸಿಗಬೇಕು, ಅದರಲ್ಲಿ ಒಳ್ಳೆಯ ಎರಡರ ನಡುವೆ 150 ಮಿಲಿಲೀಟರಿಗಿಂತ ಹೆಚ್ಚು ಅಂತರ ಇರಬಾರದು. ಈ ಶಿಸ್ತು ಇಲ್ಲದ ವರದಿ ಬರೀ ಕಾಗದ.

ಆದರೆ ಊದುವುದಕ್ಕೆ ಮೊದಲು ತುಂಬುವ ಫಾರಂ ಯಾವುದೋ ಕಚೇರಿಯ ನೌಕರರಿಗಾಗಿ ಮಾಡಿದ್ದು. ಅದರಲ್ಲಿ ‘ಏನು ಕೆಲಸ’ ಎಂಬ ಜಾಗದಲ್ಲಿ ‘ವೆಲ್ಡರ್’ ಎಂದು ಬರೆದರೆ ಮುಗಿಯಿತು. ಕೇಳಬೇಕಾದ್ದು ಬೇರೆ: ಯಾವ ಲೋಹ, ಎಷ್ಟು ವರ್ಷ, ತೊಟ್ಟಿಯ ಒಳಗೆ ಕುಳಿತೋ ಬಯಲಿನಲ್ಲೋ? ಸ್ಟೇನ್‌ಲೆಸ್ ಸ್ಟೀಲಿನ ಹೊಗೆಯಲ್ಲಿ ಹೆಕ್ಸಾವೇಲೆಂಟ್ ಕ್ರೋಮಿಯಂ ಎಂಬ ಕ್ಯಾನ್ಸರ್ ತರುವ ವಸ್ತು ಇರುತ್ತದೆ. ವೆಲ್ಡಿಂಗ್ ಹೊಗೆಯನ್ನೇ ಒಟ್ಟಾಗಿ 2017ರಲ್ಲಿ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಮನುಷ್ಯರಲ್ಲಿ ಕ್ಯಾನ್ಸರ್ ತರುವಂಥವುಗಳ ಮೊದಲ ಗುಂಪಿಗೆ ಸೇರಿಸಿದೆ.

ಮಂಗಳೂರಿನಲ್ಲಿ ಕೇಳಲೇಬೇಕಾದ ಇನ್ನೊಂದು ಪ್ರಶ್ನೆ ಜ್ವರದ್ದು. ಜಿಐ ಪೈಪಿಗೆ ಬೆಸುಗೆ ಹಾಕುವಾಗ ಸತುವಿನ ಲೇಪ ಸುಟ್ಟು ಬಿಳಿ ಹೊಗೆ ಏಳುತ್ತದೆ. ಅದನ್ನು ಉಸಿರಾಡಿದವನಿಗೆ ನಾಲ್ಕರಿಂದ ಹತ್ತು ಗಂಟೆಯ ಮೇಲೆ, ಅಂದರೆ ಮನೆಗೆ ಹೋಗಿ ಮಲಗುವ ಹೊತ್ತಿಗೆ, ಚಳಿ, ನಡುಕ, ಮೈಕೈ ನೋವು, ಬಾಯಲ್ಲಿ ಲೋಹದ ರುಚಿ. ಒಂದೆರಡು ದಿನದಲ್ಲಿ ತಾನಾಗಿ ಇಳಿಯುತ್ತದೆ. ನಮ್ಮೂರಲ್ಲಿ ಚಳಿಜ್ವರ ಎಂದ ಕೂಡಲೇ ಮಲೇರಿಯಾ ಎಂದೇ ಎಣಿಕೆ. ರಕ್ತ ಪರೀಕ್ಷೆ ಖಂಡಿತ ಮಾಡಿಸಬೇಕು, ಅದನ್ನು ತಪ್ಪಿಸುವಂತಿಲ್ಲ. ಆದರೆ ಮಲೇರಿಯಾ ಇಲ್ಲ ಎಂದು ಬಂದ ಮೇಲೆ ‘ನಿನ್ನೆ ಜಿಐ ಕೆಲಸ ಇತ್ತಾ?’ ಎಂದು ಯಾರೂ ಕೇಳದಿದ್ದರೆ ಮುಂದಿನ ವಾರ ಅದೇ ಜ್ವರ ಮರಳಿ ಬರುತ್ತದೆ. ಪರಿಹಾರ ಶೆಡ್ಡಿನಲ್ಲಿದೆ: ಬೆಸುಗೆಯ ಎರಡೂ ಬದಿ ಎರಡೆರಡು ಇಂಚು ಸತುವನ್ನು ಮೊದಲೇ ಕೆರೆದು ತೆಗೆಯುವುದು, ಹೊಗೆ ಹೀರುವ ಕೊಳವೆಯ ಬಾಯಿಯನ್ನು ಬೆಸುಗೆಯಿಂದ ಒಂದು ಅಡಿಯೊಳಗೆ ತರುವುದು. ಪೆಡೆಸ್ಟಲ್ ಫ್ಯಾನ್ ಕೊಟ್ಟರೂ, ಗ್ಯಾಸಿನ ಹೊದಿಕೆಯಲ್ಲಿ ಬೆಸುಗೆ ಹಾಕುವ ಮಿಗ್ ವೆಲ್ಡರ್ ಅದನ್ನು ಆರಿಸಿಬಿಡುತ್ತಾನೆ. ಗಾಳಿಗೆ ಗ್ಯಾಸಿನ ಹೊದಿಕೆ ಹಾರಿ ಬೆಸುಗೆಯಲ್ಲಿ ತೂತು ಬೀಳುತ್ತದೆ, ಕೆಲಸ ರಿಜೆಕ್ಟ್ ಆಗುತ್ತದೆ. ಅದು ಅವನ ಹಟವಲ್ಲ.

ವರದಿಯದು ಈ ಪ್ಯಾಕೇಜಿನ ದೊಡ್ಡ ಸೋಲು. ಹದಿನೈದು ದಿನಕ್ಕೆ ಒಂದು ಎಕ್ಸೆಲ್ ಶೀಟ್ ಎಚ್‌ಆರ್‌ಗೆ ಬರುತ್ತದೆ: ಹೆಸರು, ವಯಸ್ಸು, ಸಕ್ಕರೆ, ಬಿ.ಪಿ., ಎಲ್ಲ ಒಂದೇ ಸಾಲಿನಲ್ಲಿ, ಅಕ್ಷರಮಾಲೆಯ ಕ್ರಮದಲ್ಲಿ. ಯಾರ ಸಕ್ಕರೆ ಎಷ್ಟು ಎಂಬುದು ಸಂಜೆಯೊಳಗೆ ಕ್ಯಾಂಟೀನಿನಲ್ಲಿ ಮಾತಾಗುತ್ತದೆ. ಕೆಲಸ ಹೋದೀತೆಂಬ ಭಯಕ್ಕೆ ಮುಂದಿನ ವರ್ಷ ಕಾರ್ಮಿಕ ಬಿ.ಪಿ. ಮಾತ್ರೆ ತಿನ್ನುವುದನ್ನೇ ಹೇಳುವುದಿಲ್ಲ. ವಿವರದ ವರದಿ ಮುಚ್ಚಿದ ಲಕೋಟೆಯಲ್ಲಿ ಕಾರ್ಮಿಕನ ಕೈಗೇ ಹೋಗಬೇಕು, ವೈದ್ಯರೇ ಅವನ ಭಾಷೆಯಲ್ಲಿ ಐದು ನಿಮಿಷ ಮಾತಾಡಬೇಕು. ಕಂಪೆನಿಗೆ ಬೇಕಾದ್ದು ಎರಡೇ. ಒಂದು, ಈ ಕೆಲಸಕ್ಕೆ ಯೋಗ್ಯನೇ, ಯಾವ ಮಿತಿ: ಎತ್ತರ ಬೇಡ, ಕ್ರೇನ್ ಬೇಡ ಎಂಬಂತೆ. ಎರಡು, ಹೆಸರಿಲ್ಲದೆ ಬೇ (ಶೆಡ್ಡಿನ ವಿಭಾಗ) ಪ್ರಕಾರ ಮಾಡಿದ ಪಟ್ಟಿ. ಗ್ರೈಂಡಿಂಗ್ ಬೇಯ ನಾಲ್ಕೈದು ಮಂದಿಗೆ 4000ದಲ್ಲಿ ಒಂದೇ ಥರದ ಗುಂಡಿ ಬಿದ್ದಿದೆ ಎಂದಾದರೆ ಚಿಕಿತ್ಸೆ ಬೇಕಾದ್ದು ಆ ವಿಭಾಗಕ್ಕೆ. ಪ್ಲೇಟಿನ ಅಡಿಗೆ ರಬ್ಬರ್ ಹಾಸಿ, ತಡೆಗೋಡೆ ಹಾಕಿ, ಪಾಳಿ ಬದಲಿಸಿ. ಅಕ್ಷರಮಾಲೆಯ ಪಟ್ಟಿಯಲ್ಲಿ ಆ ನಾಲ್ಕೈದು ಮಂದಿ ನಾಲ್ಕು ಪುಟಗಳಲ್ಲಿ ಚದುರಿ ಹೋಗಿರುತ್ತಾರೆ.

ಗುತ್ತಿಗೆ ಕಾರ್ಮಿಕರನ್ನು ಬಿಟ್ಟು ದರ ಕೇಳುವ ಅಭ್ಯಾಸವೂ ಇದೆ. ಹೊಗೆ, ಸದ್ದು ಹೆಚ್ಚು ಬೀಳುವುದೇ ಅವರಿಗೆ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳಲ್ಲಿ 40 ದಾಟಿದ ಕಾರ್ಮಿಕರಿಗೆ ವರ್ಷಕ್ಕೊಮ್ಮೆ ಉಚಿತ ತಪಾಸಣೆ ಎಂದಿದೆ. ತಿಂಗಳಿಗೆ 21,000 ರೂಪಾಯಿಯೊಳಗಿನ ಸಂಬಳದವರ ಮುಂದಿನ ಚಿಕಿತ್ಸೆಗೆ ನೌಕರರ ರಾಜ್ಯ ವಿಮೆ, ಅಂದರೆ ಇಎಸ್‌ಐ ಇದೆ. ತಪಾಸಣೆಯ ಚೀಟಿಯಲ್ಲೇ ಇಎಸ್‌ಐ ಡಿಸ್ಪೆನ್ಸರಿಗೆ ಬರೆದು ಕೊಡುವ ವ್ಯವಸ್ಥೆ ಈ ಪ್ಯಾಕೇಜಿನಲ್ಲಿಲ್ಲ, ಕೇಳಿದರೆ ಮಾಡಿಕೊಡುತ್ತಾರೆ. ಕೇಳಿ.

ಪ್ರಥಮ ಚಿಕಿತ್ಸೆಯ ಪಾಠ ಒಳ್ಳೆಯದು, ಅಭ್ಯಾಸ ಸಾಲದು. ಹೃದಯ ನಿಂತವನ ಎದೆ ಒತ್ತುವುದನ್ನು (ಸಿಪಿಆರ್) ಕಲಿಯಲು ಮೂವತ್ತು ಮಂದಿಗೆ ಒಂದೇ ಗೊಂಬೆ. ನಿಮಿಷಕ್ಕೆ 100ರಿಂದ 120, ಆಳ 5ರಿಂದ 6 ಸೆಂಟಿಮೀಟರ್ ಎಂದು ಕೇಳಿಸಿಕೊಂಡವನ ಕೈಗೆ ಆ ಒತ್ತಡ ಬರುವುದಿಲ್ಲ, ಎರಡು ನಿಮಿಷ ಒತ್ತಿ ಬೆವರಿದವನಿಗೆ ಬರುತ್ತದೆ. ಹತ್ತು ಮಂದಿಗೊಂದು ಗೊಂಬೆ ಕೇಳಿ. ಶೆಡ್ಡಿನ ಗಾಯಗಳ ಬಗ್ಗೆ ಹೇಳಿಕೊಡುವುದು ಮಾತ್ರ ಖಚಿತವಾಗಿದೆ: ಸುಟ್ಟರೆ 20 ನಿಮಿಷ ಹರಿಯುವ ತಣ್ಣೀರು, ಟೂತ್ ಪೇಸ್ಟ್ ಬೇಡ, ಕಣ್ಣಿಗೆ ಕಬ್ಬಿಣದ ಚೂರು ನೆಟ್ಟಿದ್ದರೆ ಉಜ್ಜದೆ, ಕೀಳದೆ, ಮುಚ್ಚಿ ಕರೆದೊಯ್ಯುವುದು, ಬೆರಳು ತುಂಡಾದರೆ ಒದ್ದೆ ಶುಭ್ರ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಆ ಚೀಲವನ್ನು ಐಸ್ ಮೇಲೆ ಇಡುವುದು. ಐಸ್ ನೇರ ತಾಗಿದರೆ ಬೆರಳು ಸತ್ತು ಹೋಗುತ್ತದೆ. ಸಂಜೆ ಹೊತ್ತು ಕೂಳೂರು ಸೇತುವೆಯ ಮೇಲೆ ವಾಹನ ಜಮಾಯಿಸಿದರೆ ನಗರದ ಆಸ್ಪತ್ರೆ ಮುಟ್ಟುವುದು ತಡ. 108ಕ್ಕೆ ಕರೆ ಮಾಡಿ ಕಾಯುವ ನಿಮಿಷಗಳಲ್ಲಿ ಮಾಡಬೇಕಾದ್ದು ಇದೇ.

ಮೂರನೆಯದು ರಕ್ತದಾನ. ವೆನ್ಲಾಕ್‌ನಂಥ ಸರಕಾರಿ ಆಸ್ಪತ್ರೆಗೆ ರಕ್ತ ಯಾವಾಗಲೂ ಬೇಕು, ಶಿಬಿರ ಒಳ್ಳೆಯದೇ. ತಪ್ಪಾಗಿರುವುದು ದಿನ. ತಪಾಸಣೆಯ ದಿನವೇ ಶಿಬಿರ ಇಟ್ಟಿದ್ದಾರೆ. ಬೆಳಿಗ್ಗೆ ಉಪವಾಸದಲ್ಲಿ ಬಂದವರು, ರಾತ್ರಿ ಪಾಳಿ ಮುಗಿಸಿ ನಿದ್ದೆಗೆಟ್ಟವರು ಹುರುಪಿನಲ್ಲಿ ಮಲಗಿ 350 ಮಿಲಿಲೀಟರ್ ಕೊಟ್ಟುಬಿಡುತ್ತಾರೆ. ಇಬ್ಬರಿಂದಲೂ ತೆಗೆದುಕೊಳ್ಳಬಾರದು. ಶ್ರಮದ ಕೆಲಸದವರಿಗೆ ಮುಂದಿನ ಪಾಳಿಗೆ 24 ಗಂಟೆ ಅಂತರ ಇರಬೇಕು. ರಕ್ತ ಕೊಟ್ಟು ಮಧ್ಯಾಹ್ನ ಸ್ಕಫೋಲ್ಡಿಂಗ್ ಏರಿದವನಿಗೆ ತಲೆಸುತ್ತು ಬಂದರೆ ಆ ದಾನವೇ ಅಪಘಾತವಾಗುತ್ತದೆ. ಶನಿವಾರ ಪಾಳಿ ಮುಗಿದ ಮೇಲೆ, ಇಲ್ಲವೇ ಭಾನುವಾರ ಬೆಳಿಗ್ಗೆ ಬನ್ಸ್, ಚಹಾ ಆದ ಮೇಲೆ ಇಡಿ. ತೂಕ 45 ಕಿಲೋ ಅಥವಾ ಹಿಮೋಗ್ಲೋಬಿನ್ 12.5ಕ್ಕಿಂತ ಕೆಳಗಿದ್ದವರನ್ನು ನಯವಾಗಿ ವಾಪಸು ಕಳಿಸಿ.

ಊರವರಿಗೆ ಕಂಪೆನಿ ಮಾಡಬಹುದಾದ ಇನ್ನೊಂದು ಉಪಕಾರ ಶೆಡ್ಡಿನ ಹಿಂಬದಿಯಲ್ಲೇ ಇದೆ, ಪ್ಯಾಕೇಜಿನಲ್ಲಿ ಅದರ ಹೆಸರೇ ಇಲ್ಲ. ಸ್ಕ್ರ್ಯಾಪ್ ಯಾರ್ಡಿನಲ್ಲಿ ಹೊಟ್ಟೆ ಮೇಲಾಗಿ ಬಿದ್ದ ಸಿ-ಚಾನೆಲ್ (ಸಿ ಆಕಾರದ ಕಬ್ಬಿಣದ ತೊಲೆ), ಮುಚ್ಚಳವಿಲ್ಲದ ಡ್ರಮ್, ಹಳೆ ಟಯರ್, ಟಾರ್ಪಾಲಿನ ಮಡಿಕೆ: ಜೂನಿನ ಮೊದಲ ಮಳೆಗೆ ಎಲ್ಲದರಲ್ಲೂ ನೀರು. ಡೆಂಗಿ ಸೊಳ್ಳೆಗೆ ಮೊಟ್ಟೆಯಿಂದ ಹಾರುವ ತನಕ ಏಳರಿಂದ ಹತ್ತು ದಿನ ಸಾಕು, ಕಂಪೌಂಡಿನಾಚೆ ಕುಳಾಯಿ, ಜೋಕಟ್ಟೆ ಎಂಬ ಊರುಗಳ ಮನೆಗಳಿವೆ. ಮಲೇರಿಯಾದ ಸೊಳ್ಳೆಗೆ ಮುಚ್ಚಳ ಸರಿಯಿಲ್ಲದ ಓವರ್‌ಹೆಡ್ ಟ್ಯಾಂಕ್ ಸಾಕು. ಮೇ ಕೊನೆಯೊಳಗೆ ಚಾನೆಲ್‌ಗಳನ್ನು ಕವುಚಿ ಹಾಕಿಸಿ, ಡ್ರಮ್ಮುಗಳ ಅಡಿಗೆ ತೂತು ಕೊರೆಸಿ, ಟ್ಯಾಂಕಿನ ಮುಚ್ಚಳಕ್ಕೆ ಬಲೆ ಹಾಕಿಸಿ. ಆಮೇಲೆ ಮಳೆಗಾಲ ಮುಗಿಯುವ ತನಕ ಪ್ರತಿ ಶನಿವಾರ ಇಬ್ಬರು ಹೆಲ್ಪರ್‌ಗಳು ಅರ್ಧ ಗಂಟೆ ಯಾರ್ಡ್ ಸುತ್ತಿ ನಿಂತ ನೀರು ಚೆಲ್ಲಲಿ. ಅದನ್ನು ಸೇಫ್ಟಿ ರಿಜಿಸ್ಟರಿನಲ್ಲಿ ತಾರೀಕು ಹಾಕಿ ಬರೆಯಲಿ.